ಅಕ್ಕೋರ ತಾರಸಿ ತೋಟ

ಮೊನ್ನೆ ಸಂತೆಯಲ್ಲಿ ಹೂವಿನವಳೊಬ್ಬಳು ಸೇವಂತಿಗೆ ಮಾಲೆಯ ನಡುನಡುವೆ ಮರುಗ ಸೇರಿಸಿ ಕಟ್ಟುತ್ತಿದ್ದಳು. ನಾನು ಹೂವಿಗೆಂದು ಹೋದವಳಲ್ಲ, ಬೇರೇನೋ ಕೆಲಸವಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ಕಾಲು ಅಲ್ಲೇ ನಿಂತುಬಿಟ್ಟಿತು. ಹೊತ್ತು ಹುಟ್ಟುವ ಮೊದಲೇ ಬೆಚ್ಚಗಿರುತ್ತಿದ್ದ ತಾರಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಚೊಂಬಿನಿಂದ ಗಿಡದ ಬುಡಕ್ಕೆ ನೀರು ಹನಿಸುತ್ತಿದ್ದ ನಮ್ಮ ಅಕ್ಕೋರು...

ನಮ್ಮ ಕಡೆ ಶಾಲೆಯಲ್ಲಿ ಪಾಠ ಹೇಳುವ ಹೆಂಗಸರಿಗೆ ಅಕ್ಕೋರು ಅನ್ನುತ್ತಾರೆ. ರಾಜ್ಯ ಒಂದಾದ ಮರುವರ್ಷ ನಾನು ಈಸೂರಿನಿಂದ ಮದುವೆಯಾಗಿ ಶಿಕಾರಿಪುರದ ಪೇಟೆಬೀದಿಯ ಮನೆಗೆ ಬಂದಾಗ ಅವರು ಆಗಲೇ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದರು. ಸೊರಬದ ಕಡೆಯವರು. ಒಬ್ಬರೇ. ಗಂಡ ಎಲ್ಲಿ ಎಂದು ನಮ್ಮ ಅತ್ತೆ ಹಿಂದೆಮುಂದೆ ನೋಡುತ್ತ ಕೇಳಿದ್ದಕ್ಕೆ, ಅವರು ಸಾಗರದಲ್ಲಿ ಬೇರೆ ಸಂಸಾರ ಮಾಡಿಕೊಂಡಿದ್ದಾರೆ, ನಾನು ಇಲ್ಲಿ ಶಾಲೆ ನೋಡಿಕೊಂಡಿದ್ದೇನೆ ಎಂದು ನೆಟ್ಟಗೆ ಹೇಳಿದರಂತೆ. ಅತ್ತೆ ಆಮೇಲೆ ಆ ವಿಷಯ ಎತ್ತಲಿಲ್ಲ. ಬೀದಿಯವರು ಎತ್ತಿದಾಗಲೂ ಅವರ ಬಾಯಿ ಮುಚ್ಚಿಸಿದವರು ಅತ್ತೆಯೇ.

ನಾನು ರೈತರ ಮನೆಯ ಮಗಳು. ಕಣ್ಣು ಬಿಟ್ಟರೆ ಹೊಲ ಕಂಡು ಬೆಳೆದವಳು. ಈ ಮನೆಯಲ್ಲಿ ಮುಂದೆ ಮಾವನವರ ಕಿರಾಣಿ ಅಂಗಡಿ, ನಡುವೆ ಕಲ್ಲು ಹಾಸಿದ ಅಂಗಳ, ಬಾವಿ, ಹಿಂದೆ ದಾಸ್ತಾನಿನ ಕೋಣೆ. ಎಲ್ಲಿ ಹುಡುಕಿದರೂ ಹಿಡಿ ಮಣ್ಣಿಲ್ಲ. ಹೊಸ ಸೊಸೆ ಬೀದಿಗೆ ಕಾಲಿಡುವ ಹಾಗೂ ಇರಲಿಲ್ಲ. ಯಾರೂ ಬೈಯುತ್ತಿರಲಿಲ್ಲ, ಕಾಡುತ್ತಿರಲಿಲ್ಲ. ಆದರೂ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬಟ್ಟೆ ಒಣಗಿಸಲು ತಾರಸಿಗೆ ಹೋದರೆ ಮಾತ್ರ ಉಸಿರಾಡಿದಂತಾಗುತ್ತಿತ್ತು.

ಒಂದು ದಿನ ಹಾಗೆ ಹತ್ತಿದಾಗ ಅಕ್ಕೋರು ನಮ್ಮದೇ ಅಂಗಡಿಯ ಖಾಲಿ ಎಣ್ಣೆ ಡಬ್ಬಿಗಳ ತಳಕ್ಕೆ ಮೊಳೆಯಿಂದ ತೂತು ಹೊಡೆಯುತ್ತ ಕೂತಿದ್ದರು. ಸದ್ದು ಕೇಳಿ ಮಾವನವರೂ ಮೇಲೆ ಬಂದರು. ಏನು ನಡೆದಿದೆ ಎಂದು ತಿಳಿದ ಮೇಲೆ, "ತಾರಸಿ ಮ್ಯಾಲೆ ತೋಟ ಮಾಡಿದೋರ್ನ ನಾ ಎಲ್ಲೂ ಕಂಡಿಲ್ಲ ಬಿಡ್ರಿ ಅಕ್ಕೋರೇ," ಎಂದರು.

"ನಾನೂ ಕಂಡಿಲ್ಲ ಸಾವ್ಕಾರ್ರೇ. ಅದಕ್ಕೇ ಮಾಡ್ತಿದೀನಿ," ಎಂದರು ಅಕ್ಕೋರು, ಮೊಳೆ ಕೆಳಗಿಡದೆ.

ಮಾವನವರು ನಕ್ಕು ಇಳಿದುಹೋದರು. ನಾನು ಇಳಿಯಲಿಲ್ಲ. ಯಾರೂ ಹೇಳದಿದ್ದರೂ ಒಂದು ಡಬ್ಬಿ ಎಳೆದುಕೊಂಡು ಕೂತೆ. ಅಣ್ಣನಿಗೆ ಹೇಳಿ ಕಳಿಸಿದೆ. ಅವನು ಸಂತೆಗೆ ಬರುವಾಗ ಗಾಡಿಯಲ್ಲಿ ಕೊಟ್ಟಿಗೆ ಗೊಬ್ಬರವನ್ನೂ ಭತ್ತದ ಹೊಟ್ಟನ್ನೂ ಹೇರಿಕೊಂಡು ಬಂದ. ಕೆರೆಯ ಗೋಡುಮಣ್ಣು ತರಿಸಿದೆವು. ಮೂರನ್ನೂ ತಾರಸಿಯ ಮೇಲೆ ರಾಶಿ ಹಾಕಿ ಕೈಯಿಂದ ಕಲಸುವಾಗ ನನಗೆ ತವರಿಗೆ ಹೋಗಿ ಬಂದಷ್ಟು ಹಿತವಾಯಿತು.

ಬದನೆ, ಮೆಂತ್ಯ, ಟೊಮ್ಯಾಟೊ, ಕನಕಾಂಬರ, ಮರುಗ, ಎಲ್ಲ ಚಳಿಗಾಲದಲ್ಲಿ ಚೆನ್ನಾಗಿ ಬಂದವು. ಬೀದಿಯ ಹೆಂಗಸರು ನೋಡಲೆಂದು ತಾರಸಿ ಹತ್ತಿ ಬಂದರು. ಆಮೇಲೆ ಬೇಸಿಗೆ ಬಂತು. ಶಿಕಾರಿಪುರದ ಬಿಸಿಲು ಸೊರಬದ ಬಿಸಿಲಲ್ಲ. ಮಧ್ಯಾಹ್ನ ಡಬ್ಬಿ ಮುಟ್ಟಿದರೆ ಕೈ ಸುಡುತ್ತಿತ್ತು. ಬಾವಿಯ ನೀರೂ ಕೆಳಗಿಳಿದು, ಗಿಡಕ್ಕೆ ಸೇದುವುದು ಬೇಡವೆಂದು ಅತ್ತೆ ಹೇಳಿದರು. ಅಕ್ಕೋರು ವಾದ ಮಾಡಲಿಲ್ಲ. ಕುಡಿಯುವ ನೀರು ಮೊದಲು ಎಂದರು. ಯುಗಾದಿ ಹೊತ್ತಿಗೆ ಒಂದು ಡಬ್ಬಿಯ ಮರುಗ ಬಿಟ್ಟು ಮಿಕ್ಕಿದ್ದೆಲ್ಲ ಒಣಗಿ ಕಡ್ಡಿಯಾಯಿತು. ನನಗೆ ಅಳು ಬಂತು. ಅವರು ಸತ್ತ ಬದನೆ ಗಿಡವನ್ನು ಕಿತ್ತು, ಬೇರನ್ನು ಬಹಳ ಹೊತ್ತು ತಿರುಗಿಸಿ ನೋಡಿ, ಇದು ಬಾಯಾರಿ ಸತ್ತಿಲ್ಲ, ಬೆಂದು ಸತ್ತಿದೆ ಎಂದರು.

ಮರುವರ್ಷ ಎಲ್ಲವೂ ಬೇರೆ ಥರ. ಡಬ್ಬಿಗಳಿಗೆ ಗೋಣಿ ಸುತ್ತಿ ಅದನ್ನು ಒದ್ದೆಯಾಗಿಟ್ಟೆವು. ಬುಡಕ್ಕೆ ಹುಲ್ಲು ಹಾಸಿದೆವು. ಪಡುವಣ ಬಿಸಿಲಿಗೆ ಅಡ್ಡವಾಗಿ ಬಿದಿರಿನ ತಡಿಕೆ ನಿಲ್ಲಿಸಿ ಅದರ ಮೇಲೆ ಹೀರೆ, ತೊಂಡೆ ಹಬ್ಬಿಸಿದೆವು. ಆ ಬಳ್ಳಿಗಳ ನೆರಳಲ್ಲಿ ಉಳಿದ ಗಿಡಗಳು. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಒಂದು ಹನಿಯೂ ಮೋರಿಗೆ ಹೋಗದಂತೆ ಅತ್ತೆಯೇ ಕೊಡಕ್ಕೆ ಹಿಡಿದಿಡತೊಡಗಿದರು. ಆ ಬೇಸಿಗೆ ತೋಟ ಉಳಿಯಿತು. ಅಂಗಡಿ ಮುಚ್ಚಿ ಬಂದ ಮೇಲೆ ಮಾವನವರು ಮೇಲೆ ಹತ್ತಿ ಎಲೆ ಅಡಿಕೆ ಹಾಕಿಕೊಳ್ಳುವುದು ರೂಢಿಯಾಯಿತು.

ಉಳಿಯಿತು ಎಂದು ಹಿಗ್ಗುವಾಗಲೇ ಮಳೆಗಾಲ ಹಿಡಿಯಿತು. ಎಡೆಬಿಡದೆ ಹೊಯ್ದ ಒಂದು ವಾರದ ಕೊನೆಗೆ ಮಾವನವರು ದಾಸ್ತಾನಿನ ಕೋಣೆಯ ಬಾಗಿಲು ತೆಗೆದರೆ ಬೆಲ್ಲ ಕರಗಿ ನೆಲದ ಮೇಲೆ ಹರಿಯುತ್ತಿತ್ತು. ಮೆಣಸಿನಕಾಯಿ ಚೀಲ ತೊಯ್ದು ಮುದ್ದೆಯಾಗಿತ್ತು. ಮೇಲೆ ಹೋಗಿ ಡಬ್ಬಿ ಸರಿಸಿ ನೋಡಿದರೆ, ತಳದ ತೂತಿನಿಂದ ಇಳಿದ ಬೇರುಗಳು ತಾರಸಿಯ ಗಾರೆಯನ್ನು ಸೀಳಿ ಒಳಹೊಕ್ಕಿದ್ದವು.

ಅಕ್ಕೋರು ಶಾಲೆಯಿಂದ ಬರುವವರೆಗೂ ಮಾವನವರು ಅಂಗಳದಲ್ಲಿ ನಿಂತೇ ಇದ್ದರು. ಬಂದವರನ್ನು ನೇರ ಮೇಲೆ ಕರೆದುಕೊಂಡು ಹೋಗಿ ತೋರಿಸಿದರು. ಮತ್ತೆ ಅಂಗಳಕ್ಕೆ ಇಳಿದ ಮೇಲೆ ಅಕ್ಕೋರು ಹೇಳಿದರು, "ತಪ್ಪು ನಂದೇ. ಬೇರು ಇಳೀತದೆ ಅಂತ ನಂಗೆ ಹೊಳೀಲಿಲ್ಲ."

ಮಾವನವರು ಜಗಳಕ್ಕೆ ಸಿದ್ಧವಾಗಿದ್ದರೋ ಏನೋ, ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡರು. ಆಮೇಲೆ, "ಹಂಗಾರೆ ಎಲ್ಲಾ ಕೆಳಗೆ ಇಳಿಸಿಬಿಡ್ರಿ," ಎಂದರು.

"ಇವತ್ತೇ ಇಳಿಸ್ತೀನಿ. ತಾರಸಿ ಗಟ್ಟಿ ಮಾಡಿಸಿ ಮತ್ತೆ ಹತ್ತಿಸ್ತೀನಿ."

"ಮತ್ತೆ ಬ್ಯಾಡ್ರಿ. ಸಾಕು."

ನಾನು ಅಡುಗೆಮನೆಯ ಬಾಗಿಲ ಮರೆಯಲ್ಲಿದ್ದೆ. ಮಾವನವರ ಎದುರು ಅದುವರೆಗೆ ಹೂಂ, ಉಹೂಂ ಬಿಟ್ಟು ಬೇರೆ ಮಾತಾಡಿದವಳಲ್ಲ. ಎಲ್ಲಿಂದ ಧೈರ್ಯ ಬಂತೋ, ಹೊರಗೆ ಬಂದು ನಿಂತೆ. "ಗಿಡ ಇರ್ಲಿ ಮಾವಾರೆ," ಎಂದೆ. "ಅಕ್ಕೋರು ಶಾಲಿಗೆ ಹೋದಾಗ ನಾನು ನೋಡ್ಕಂತೀನಿ. ಇನ್ನು ಸೋರಿದ್ರೆ ನನ್ನ ಕೇಳ್ರಿ."

ಮಾವನವರು ನನ್ನನ್ನು ನೋಡಲಿಲ್ಲ, ಅತ್ತೆಯ ಕಡೆ ತಿರುಗಿದರು. ಅತ್ತೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತದೆ, "ಮ್ಯಾಲೆ ಹತ್ತಾಕೆ ಶುರು ಮಾಡಿದ್ಮ್ಯಾಲೇ ಈ ಹುಡುಗಿ ಹೊಟ್ಟೆ ತುಂಬ ಉಂಡಿದ್ದು. ಇರ್ಲಿ ಬಿಡ್ರಿ," ಎಂದರು.

ಅತ್ತೆ ಅದನ್ನು ಗಮನಿಸಿದ್ದರು ಎಂಬುದೇ ನನಗೆ ಗೊತ್ತಿರಲಿಲ್ಲ.

ಮಳೆ ಬಿಡುವು ಕೊಟ್ಟಾಗ ಗಾರೆ ಕೆಲಸದವರು ಬಂದರು. ಸುಣ್ಣ ಮರಳಿಗೆ ಬೆಲ್ಲದ ನೀರು ಬೇಕೆಂದರು. ತೊಯ್ದು ಹಾಳಾದ ಬೆಲ್ಲವನ್ನು ಮಾವನವರೇ ಹೊರಗೆ ತಂದಿಟ್ಟು, ಮಾರೋಕಂತೂ ಬರಲ್ಲ, ಇದಕ್ಕಾದರೂ ಆಗಲಿ ಎಂದರು. ಹದ ಮಾಡಿದ ಗಾರೆಯನ್ನು ಹರಡಿ, ಹೆಂಗಸರು ಸಾಲಾಗಿ ಕೂತು ಮರದ ಕೊಡತಿಯಿಂದ ಬಡಿಯಬೇಕು. ಅಕ್ಕೋರು ಶಾಲೆಗೆ ರಜೆ ಹಾಕಿ ಆ ಸಾಲಿನಲ್ಲಿ ಕೂತರು. ನಾನೂ ಕೂತೆ. ಮಧ್ಯಾಹ್ನದ ಮೇಲೆ ಅತ್ತೆಯೂ ಬಂದು ಒಂದು ಕೊಡತಿ ಹಿಡಿದರು. ಅಂಗೈ ಗುಳ್ಳೆ ಎದ್ದು, ಮಾರನೆಯ ದಿನ ಮೂವರಿಗೂ ರೊಟ್ಟಿ ತಟ್ಟಲು ಆಗಲಿಲ್ಲ. ಬೆಲ್ಲದ ವಾಸನೆಗೆ ಬಂದ ಇರುವೆಗಳು ಎಷ್ಟೋ ದಿನ ತಾರಸಿ ಬಿಟ್ಟು ಕದಲಲಿಲ್ಲ. ಆಮೇಲೆ ಡಬ್ಬಿಗಳ ಬದಲು ಮಣ್ಣಿನ ಕುಂಡಗಳು ಬಂದವು. ಗೋಡೆಯ ಗುಂಟ ಕಲ್ಲು ನಿಲ್ಲಿಸಿ, ಹಲಗೆ ಹಾಸಿ, ನೆಲಕ್ಕೆ ತಾಗದಂತೆ ಅವುಗಳನ್ನು ಜೋಡಿಸಿದೆವು. ಆ ತಾರಸಿ ಮತ್ತೆ ಸೋರಲಿಲ್ಲ.

ಮುಂದಿನ ವರ್ಷ ಅಕ್ಕೋರಿಗೆ ಸೊರಬಕ್ಕೆ ವರ್ಗವಾಯಿತು. ಬೇಕಾದ ಕುಂಡ ತೆಗೆದುಕೊಂಡು ಹೋಗಿ ಎಂದು ಮಾವನವರು ಎಷ್ಟು ಹೇಳಿದರೂ ಒಂದನ್ನೂ ಮುಟ್ಟಲಿಲ್ಲ. ಬಸ್ಸಿಗೆ ಹೊರಡುವಾಗ ನನಗೆ ಹೇಳಿದ್ದು, ಹೀರೆ ಬೀಜಕ್ಕೆ ಬಿಟ್ಟಿದ್ದೇನೆ, ಮರೆತು ಕೊಯ್ಯಬೇಡ, ಅಷ್ಟೇ.

ಮಕ್ಕಳಾದ ಮೇಲೆ ಒಮ್ಮೆ ಆನವಟ್ಟಿಯ ನೆಂಟರ ಮನೆಗೆ ಹೋದವಳು ಸೊರಬಕ್ಕೂ ಹೋದೆ. ಅಕ್ಕೋರ ಮನೆಯ ಹಿಂದೆ ದೊಡ್ಡ ಹಿತ್ತಿಲಿತ್ತು. ದಾಸವಾಳ, ಬಸಳೆ, ಹುಲ್ಲು ಎಲ್ಲ ಒಂದರೊಳಗೊಂದು ಬೆಳೆದುಕೊಂಡಿದ್ದವು. ತೋಟ ಮಾಡಿಲ್ಲವೇ ಎಂದು ಕೇಳಿದೆ.

"ಇಲ್ಲಿ ನೆಲ ಇದೆ, ಮಳೆ ಇದೆ. ಕಡ್ಡಿ ಚುಚ್ಚಿದ್ರೂ ಚಿಗುರ್ತದೆ. ನಂಗೇನು ಕೆಲಸ ಹೇಳು ತಂಗಿ?" ಎಂದು ನಕ್ಕರು. ಒಳಗೆ ಹಳ್ಳಿಗಳಿಂದ ಹೈಸ್ಕೂಲಿಗೆಂದು ಬಂದ ನಾಲ್ಕೈದು ಹುಡುಗಿಯರು ಸಾಲಾಗಿ ಕೂತು ಓದುತ್ತಿದ್ದರು. ಅವರ ಅಪ್ಪಂದಿರನ್ನು ಒಪ್ಪಿಸಲು ಅಕ್ಕೋರು ಊರೂರು ಅಲೆದರಂತೆ. ಅವರ ಊಟ, ವಸತಿ ಎಲ್ಲ ಅದೇ ಮನೆಯಲ್ಲಿ. ಅಂದು ಅಕ್ಕೋರು ನನಗೆ ಬಡಿಸುತ್ತ ಆ ಹುಡುಗಿಯರ ಮಾತನ್ನೇ ಆಡಿದರು... ಗಿಡದ ಮಾತು ಬರಲೇ ಇಲ್ಲ. ಮತ್ತೆ ಹೋಗೋಣ, ಹೋಗೋಣ ಎನ್ನುತ್ತಲೇ ವರ್ಷಗಳು ಉರುಳಿದವು.

ತೋಟ ಈಗಲೂ ಇದೆ. ಮಾವ ಅತ್ತೆ ಇಬ್ಬರೂ ಹೋದರು. ಮನೆಯ ಮೇಲೆ ಇನ್ನೊಂದು ಅಂತಸ್ತು ಎದ್ದಿತು. ಕುಂಡಗಳೂ ಒಂದು ಮಹಡಿ ಮೇಲೇರಿದವು. ಮೊಣಕಾಲು ನೋವು ಇದ್ದರೂ ನಾನು ದಿನಾ ಹತ್ತುತ್ತೇನೆ. ಸೊಸೆ ಬೈಯುತ್ತಾಳೆ, ಆದರೂ ಹಿಂದೆಯೇ ಕೊಡ ಹಿಡಿದು ಬರುತ್ತಾಳೆ.

ಹೋದ ತಿಂಗಳು ಒಂದು ಮದುವೆಯಲ್ಲಿ ನನ್ನ ಪಕ್ಕ ಊಟಕ್ಕೆ ಕೂತ ಹೆಂಗಸು ಸೊರಬದಲ್ಲಿ ಓದಿದವರೆಂದು ತಿಳಿಯಿತು. ಮಾತಿನ ನಡುವೆ ಅವರು ಯಾರದೋ ಹೆಸರು ಹೇಳಿ, ಅವರ ಮನೆಯಲ್ಲೇ ಇದ್ದು ಓದಿದೆ, ಅವರು ತೀರಿಕೊಂಡು ವರ್ಷವಾಗುತ್ತ ಬಂತು ಎಂದರು. ಆ ಹೆಸರನ್ನು ನಾನು ಬಾಯಲ್ಲಿ ಒಮ್ಮೆಯೂ ಆಡಿದವಳಲ್ಲ. ಯಾರೆಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಹೊಳೆದ ಮೇಲೂ ಅಳು ಬರಲಿಲ್ಲ. ಎಲೆಯಲ್ಲಿದ್ದುದನ್ನು ಉಂಡು ಎದ್ದೆ.

ಮನೆಗೆ ಬಂದಾಗ ನಮ್ಮವರು ಜಗಲಿಯಲ್ಲಿ ಕೂತಿದ್ದರು. ಮದುವೆ ಹೇಗಾಯಿತು ಎಂದು ಕೇಳಿದರು. "ಅಕ್ಕೋರು ಹೋಗಿಬಿಟ್ರಂತೆ," ಎಂದೆ. ಅಕ್ಕೋರು ಎಂದು ಬಾಯಿಬಿಟ್ಟು ಹೇಳಿದ ಮೇಲೆಯೇ ಅವರು ನನ್ನ ಪಾಲಿಗೆ ಸತ್ತದ್ದು. ಅಲ್ಲೇ ಕೂತು ಅತ್ತುಬಿಟ್ಟೆ.