ಗುಂಡು ಹಾರಿದ ಮೇಲಿನ ಸದ್ದು

ಯಲ್ಮಾರಿಯ ಎಡಗಿವಿ ಕೆಟ್ಟು ಕೂತಿದೆ ಅನ್ನುವುದು ಊರಿಗೆಲ್ಲ ಗೊತ್ತಿತ್ತು, ಅವನೊಬ್ಬನನ್ನು ಬಿಟ್ಟು. ಅವನನ್ನು ಕೇಳಿದರೆ ಕೆಟ್ಟಿದ್ದು ಊರವರ ನಾಲಗೆ. "ಈಗಿನವರೆಲ್ಲ ಬಾಯೊಳಗೇ ಮಾತಾಡ್ತೀರಿ" ಎಂದು ಎದುರಿಗಿದ್ದವರನ್ನೇ ಗದರಿಸುತ್ತಿದ್ದ. ಅವನು ರೇಡಿಯೊ ಹಾಕಿದರೆ ಕೆರೆಯಾಚೆಯ ಮನೆಗಳಿಗೂ ಹೆಲ್ಸಿಂಕಿಯ ಹವಾಮಾನ ವರದಿ ಬಿಟ್ಟಿಯಾಗಿ ಸಿಗುತ್ತಿತ್ತು. ಫಿನ್ಲೆಂಡಿನ ಕೈನು ಸೀಮೆಯ ಮಣ್ಣು ರಸ್ತೆಗಳ ಮೇಲೆ, ನೆಲ ಹೆರೆದು ಸಮ ಮಾಡುವ ಗ್ರೇಡರ್ ಯಂತ್ರ ಓಡಿಸಿ ಬದುಕಿದವನು. ಚಳಿಗಾಲದಲ್ಲಿ ಹಿಮ ತಳ್ಳುವುದು, ಬೇಸಿಗೆಯಲ್ಲಿ ಗುಂಡಿ ಮುಚ್ಚುವುದು. ಮದುವೆ ಆಗಲಿಲ್ಲ. ಯಾಕೆ ಅಂತ ಕೇಳಿದರೆ ಅದೊಂದು ಪ್ರಶ್ನೆ ಮಾತ್ರ ಅವನ ಎರಡೂ ಕಿವಿಗೆ ಕೇಳಿಸುತ್ತಿರಲಿಲ್ಲ.

ಕಿವಿ ತಿಂದದ್ದು ಗ್ರೇಡರ್ ಅಲ್ಲ, ಕೋವಿ. ಬಲಗೈಯವನು ಕೋವಿಗೆ ಕೆನ್ನೆ ಕೊಟ್ಟು ಗುರಿ ಹಿಡಿದಾಗ ಎಡಗಿವಿ ನಳಿಗೆಯ ಕಡೆಗೆ ತಿರುಗಿರುತ್ತದೆ. ಪ್ರತಿ ಅಕ್ಟೋಬರಿನಲ್ಲಿ ಮೂಸ್ ಎಂಬ ದೈತ್ಯ ಕಡವೆಯ ಬೇಟೆಗೆ ಊರಿನ ತಂಡ ಹೊರಟಾಗ ಕರಿ ಜೌಗಿನ ಅಂಚಿನ ದೊಡ್ಡ ಕಲ್ಲು ಯಲ್ಮಾರಿಯ ಜಾಗ. ಉಳಿದವರು ನಾಯಿ ಬಿಟ್ಟು, ಕೂಗು ಹಾಕಿ ಪ್ರಾಣಿಯನ್ನು ಎಬ್ಬಿಸಿ ಅವನ ಕಡೆಗೆ ಅಟ್ಟುತ್ತಿದ್ದರು. ಅವನು ಹೊಡೆದರೆ ಗುರಿ ತಪ್ಪುತ್ತಿರಲಿಲ್ಲ. ಆದರೆ ಹೊಡೆದ ಮೇಲೆ ತಲೆಯೊಳಗೆ ಗಂಟೆ ಬಾರಿಸಲು ಶುರುವಾಗುತ್ತಿತ್ತು. ಅದು ನಿಲ್ಲುವ ತನಕ ಕಾಡು ಇರುತ್ತಿರಲಿಲ್ಲ, ನಾಯಿ ಇರುತ್ತಿರಲಿಲ್ಲ, ಯಾರೂ ಇರುತ್ತಿರಲಿಲ್ಲ.

ಊರಿನಲ್ಲಿ ಲೇತ್ ಯಂತ್ರ ಇಟ್ಟುಕೊಂಡಿದ್ದ ಉರ್ಹೊ ಒಂದು ವರ್ಷ ಕೋವಿಗೆ ಸೈಲೆನ್ಸರ್ ಮಾಡಿ ಮಾರಲು ಶುರುಮಾಡಿದ. ನಳಿಗೆಯ ಬಾಯಿಗೆ ತಿರುಪಿನ ಗೀರು ಹಾಕಿ, ಅದರ ಮೇಲೆ ಮೊಳಕೈಯುದ್ದದ ಅಲ್ಯೂಮಿನಿಯಂ ಕೊಳವೆ ತಿರುಗಿಸಿ ಕೂರಿಸುತ್ತಿದ್ದ. ಅಂಗಡಿಯ ಕಾಫಿ ಮೇಜಿನ ಸುತ್ತ ಆ ವರ್ಷ ಬೇರೆ ಮಾತೇ ಇರಲಿಲ್ಲ.

"ಕೋವಿ ಮೂತಿಗೆ ಕಾಫಿ ಕೆಟ್ಲು ಕಟ್ಕೊಂಡು ಕಾಡಿಗೆ ಹೋಗೋಕೆ ನನಗೇನು ತಲೆ ಕೆಟ್ಟಿದ್ಯಾ?" ಎಂದ ಯಲ್ಮಾರಿ.

"ಸುಮ್ನೆ ಆಡ್ಕೋಬೇಡ ಮಾರಾಯ," ಎಂದ ಉರ್ಹೊ. "ಸಿನಿಮಾದಲ್ಲಿ ತೋರಿಸೋ ಹಾಗೆ ಪುಸ್ ಅನ್ನಲ್ಲ, ಒಪ್ಪಿದೆ. ಗುಂಡು ಗಾಳಿ ಸೀಳೋ ಸದ್ದು ಇದ್ದೇ ಇರುತ್ತೆ. ಆದ್ರೆ ಕಿವಿ ಪಕ್ಕ ಸಿಡಿಲು ಹೊಡೆಯಲ್ಲ. ಭುಜಕ್ಕೆ ಒದೆತ ಕಮ್ಮಿ. ನಾಯಿ ಕಿವಿನೂ ಉಳಿಯುತ್ತೆ."

"ಭಾರ?"

"ಭಾರ ಇದೆ. ಉದ್ದ ಆಗುತ್ತೆ, ಕೊಂಬೆಗೆ ತಾಗುತ್ತೆ. ಒಳಗೆ ತೇವ ನಿಂತ್ರೆ ನಳಿಗೆಗೆ ತುಕ್ಕು, ಮನೆಗೆ ಬಂದ ಮೇಲೆ ಬಿಚ್ಚಿ ಒಣಗಿಸ್ಬೇಕು. ಗುರಿನೂ ಚೂರು ಜರುಗುತ್ತೆ, ಮತ್ತೆ ಹೊಡೆದು ನೋಡಿ ಸರಿ ಮಾಡ್ಕೋಬೇಕು."

"ಹೆಂಡ್ತಿ ಕಟ್ಕೊಂಡಷ್ಟೇ ರಗಳೆ ಅನ್ನು."

"ಅದು ನಿನಗೆ ಹೇಗೋ ಗೊತ್ತು?"

ಎಲ್ಲರೂ ನಕ್ಕರು. ಯಲ್ಮಾರಿಯೂ ನಕ್ಕ. "ಹೋದ ಕಿವಿ ಹೋಯ್ತು. ಇನ್ನು ಏನು ಕೇಳಿಸ್ಕೋಬೇಕು ಅಂತ ಅದನ್ನ ಕೊಳ್ಳಲಿ?"

ಮೂಲೆಯಲ್ಲಿ ಕೂತಿದ್ದ ಹಿಲ್ಮಾ ಬಟ್ಟಲು ಕೆಳಗಿಟ್ಟಳು. ನಗು ಅಲ್ಲಿಗೇ ನಿಂತಿತು. ಯಲ್ಮಾರಿಯ ಕಿವಿಯ ಮಾತು ಹಿಲ್ಮಾಳ ಎದುರಿಗೆ ಬರಬಾರದು ಅನ್ನುವುದನ್ನು ಊರು ಯಾರೂ ಹೇಳಿಕೊಡದೆ ಕಲಿತಿತ್ತು. ಆ ದಿನ ಮರೆತರು, ಅಷ್ಟೆ. ಅವಳು ಕೋಟು ಹಾಕಿಕೊಂಡು ಯಾರ ಮುಖವನ್ನೂ ನೋಡದೆ ಹೊರಗೆ ಹೋದಳು.

ಹಿಲ್ಮಾಳ ಗಂಡ ಆರ್ವಿ, ಯಲ್ಮಾರಿಯ ಚಡ್ಡಿ ದೋಸ್ತು. ಯಲ್ಮಾರಿಯನ್ನು 'ಯಲ್ಲು' ಎಂದು ಕರೆಯುತ್ತಿದ್ದ ಪ್ರಾಣಿ ಭೂಮಿಯ ಮೇಲೆ ಅವನೊಬ್ಬನೇ. ಬೇರೆಯವರು ಕರೆದರೆ ಯಲ್ಮಾರಿ ತಿರುಗಿಯೂ ನೋಡುತ್ತಿರಲಿಲ್ಲ. ಹನ್ನೆರಡು ವರ್ಷದ ಹಿಂದೆ ಒಂದು ಅಕ್ಟೋಬರಿನಲ್ಲಿ, ಮೂಸನ್ನು ಅಟ್ಟುತ್ತಾ ಜೌಗಿನ ಅಂಚಿಗೆ ಬಂದ ಆರ್ವಿ ಮತ್ತೆ ಕಾಣಲಿಲ್ಲ. ಜೌಗಿನ ನಡುವೆ ಒಂದು ಕಪ್ಪು ಮಡು ಇದೆ. ಅದರ ಸುತ್ತ ನೆಲದಂತೆ ಕಾಣುವುದು ನೆಲವಲ್ಲ, ನೀರಿನ ಮೇಲೆ ತೇಲುವ ಪಾಚಿ. ಅಲ್ಲಿ ಅವನ ಟೋಪಿ ಸಿಕ್ಕಿತು. ಉದ್ದನೆಯ ಗಳ ಇಳಿಸಿ ನೋಡಿದರು, ತಳ ಸಿಗಲಿಲ್ಲ.

ಆಚೆ ದಡದಲ್ಲಿದ್ದ ಇಬ್ಬರಿಗೆ ಯಲ್ಮಾರಿಯ ಗುಂಡಿನ ಹಿಂದೆಯೇ ಒಂದು ಕೂಗು ಕೇಳಿಸಿತ್ತಂತೆ. ಮೂಸ್ ಬಿತ್ತು ಅಂತ ಯಾರೋ ಖುಷಿಗೆ ಕೂಗಿದರು ಅಂದುಕೊಂಡರಂತೆ. ಮಡುವಿಗೆ ಎಲ್ಲರಿಗಿಂತ ಹತ್ತಿರ ಇದ್ದವನು ಯಲ್ಮಾರಿ. ಅವನು ಕಲ್ಲಿನ ಮೇಲೆಯೇ ಕೂತಿದ್ದ.

"ನನಗೇನೂ ಕೇಳಿಸಲಿಲ್ಲ" ಎಂದು ಪೊಲೀಸರಿಗೆ ಹೇಳಿದ, ಪಾದ್ರಿಗೆ ಹೇಳಿದ, ಹಿಲ್ಮಾಳಿಗೆ ಹೇಳಿದ. ಅವಳು ತಲೆಯಾಡಿಸಿದಳು. ಆಮೇಲಿಂದ ಪ್ರತಿ ವರ್ಷವೂ ಅವಳ ಮನೆಯ ಸೌದೆ ಒಡೆದು ಜೋಡಿಸುವವನು ಅವನೇ. ಅವಳು ಕಾಫಿ ಕೊಡುತ್ತಿದ್ದಳು, ಏಲಕ್ಕಿ ಹಾಕಿದ ಪುಲ್ಲ ಎಂಬ ಸಿಹಿ ರೊಟ್ಟಿ ಕೊಡುತ್ತಿದ್ದಳು, ಎದುರಿಗೆ ಕೂತು ಅವನ ಕಿವಿಯನ್ನೇ ನೋಡುತ್ತಿದ್ದಳು. ಪಾಪದವನು ಆ ನೋಟದಡಿ ರೊಟ್ಟಿ ನುಂಗುತ್ತಿದ್ದ. ವರ್ಷ ಕಳೆದಂತೆ ಅವನಿಗೇ ಅನುಮಾನ ಹುಟ್ಟಿತ್ತು. ಆ ದಿನ ಗಂಟೆಯ ಹಿಂದೆ ಸಣ್ಣಗೆ ಏನಾದರೂ ಇತ್ತೇ? ಕೇಳಿಸಿಯೂ, ಕಾಗೆಯೋ ಏನೋ ಅಂದುಕೊಂಡು ಕೂತುಬಿಟ್ಟೆನೇ? ಇದನ್ನು ಯಾರ ಹತ್ತಿರ ಕೇಳಬೇಕು?

ಅಂಗಡಿಯ ಮಾತಾದ ಮರುವಾರ ಹಿಲ್ಮಾ ಅವನ ಮನೆಗೆ ಬಂದಳು. ಬಟ್ಟೆಯಲ್ಲಿ ಸುತ್ತಿದ ಕೊಳವೆಯನ್ನು ಮೇಜಿನ ಮೇಲಿಟ್ಟಳು. ಉರ್ಹೊನಿಂದ ಕೊಂಡದ್ದು.

"ನಿನ್ನ ಕೋವಿಗೆ ಗೀರು ಹಾಕಿಸ್ಕೊಂಡು ಬಾ," ಎಂದಳು.

"ಯಾಕೆ ಹಿಲ್ಮಾ, ನನಗೆ..."

"ನಿನ್ನ ಕಿವಿಗಲ್ಲ, ನನಗೆ. ನೀನು ಅದೇ ಕಲ್ಲಿನ ಮೇಲೆ ಕೂರು. ನಾನು ಆರ್ವಿ ಟೋಪಿ ಸಿಕ್ಕಿದ ಕಡೆ ಒಣ ದಿಬ್ಬದ ಮೇಲೆ ನಿಲ್ತೀನಿ. ಮೊದ್ಲು ಬರೀ ಕೋವಿಲಿ ಒಂದು ಹೊಡಿ, ನಾನು ಕೂಗ್ತೀನಿ. ಆಮೇಲೆ ಇದನ್ನ ಹಾಕಿ ಇನ್ನೊಂದು ಹೊಡಿ, ಮತ್ತೆ ಕೂಗ್ತೀನಿ. ನಿನಗೆ ಕೇಳಿಸ್ಲೇ ಇಲ್ವೋ, ಕೇಳಿಸಿನೂ ಬರಲಿಲ್ವೋ, ಅದೊಂದು ನನಗೆ ಗೊತ್ತಾಗ್ಬೇಕು. ಇಲ್ದಿದ್ರೆ ನಾನು ನೆಮ್ಮದಿಯಾಗಿ ಸಾಯಲ್ಲ."

ತನಗೂ ಅದೇ ಬೇಕು ಎಂದು ಹೇಳಲಾಗದೆ ಯಲ್ಮಾರಿ ಕೋಟು ಹುಡುಕಿಕೊಂಡು ಉರ್ಹೊನ ಲೇತಿನ ಕಡೆ ನಡೆದ.

ಅವರು ಹೋದ ಬೆಳಿಗ್ಗೆ ಗಾಳಿ ಸತ್ತಂತಿತ್ತು. ಜೌಗಿನ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು, ನೀರಿನ ಮೇಲೆ ಮಂಜು ಕೂತಿತ್ತು. ಹಿಲ್ಮಾ ಸುತ್ತುದಾರಿ ಹಿಡಿದು ದಿಬ್ಬಕ್ಕೆ ಹೋದಳು. ಕಲ್ಲಿನಿಂದ ನೋಡಿದರೆ ಒಣಗಿದ ಪೈನ್ ಮರದ ಪಕ್ಕ ಒಂದು ಗೂಟದಷ್ಟು ಕಾಣುತ್ತಿದ್ದಳು. ಯಲ್ಮಾರಿ ಅವಳಿಗೆ ಬೆನ್ನಾಗಿ, ಮರಳು ದಿನ್ನೆಗೆ ಒರಗಿಸಿದ್ದ ಹಲಗೆಗೆ ಗುರಿಯಿಟ್ಟು ಹೊಡೆದ.

ಗಂಟೆ ಶುರುವಾಯಿತು. ತಿರುಗಿ ನೋಡಿದ. ದೂರದಲ್ಲಿ ಹಿಲ್ಮಾ ಎರಡೂ ಕೈಯನ್ನು ಬಾಯಿಗೆ ಹಿಡಿದು, ಮುಂದಕ್ಕೆ ಬಾಗಿ, ಮೈಯೆಲ್ಲ ಅಲುಗುವಂತೆ ಕೂಗುತ್ತಿದ್ದಳು. ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಮತ್ತೆ ತೆರೆಯುತ್ತಿತ್ತು. ಸದ್ದಿಲ್ಲ. ಅವನು ಕಲ್ಲಿನ ಮೇಲೆ ಕುಸಿದು ಕೂತ. ಆ ದಿನ ತಿರುಗಿ ನೋಡಿದ್ದರೆ ಆರ್ವಿಯೂ ಹೀಗೇ ಕಾಣುತ್ತಿದ್ದ.

ಗಂಟೆ ಅಡಗುವ ತನಕ ಕಾದ. ಆಮೇಲೆ ಕೊಳವೆಯನ್ನು ತಿರುಗಿಸಿ ಹಾಕಿದ. ಕೋವಿಯ ಮೂತಿ ಭಾರವಾಗಿ ಜಗ್ಗುತ್ತಿತ್ತು. ಅಷ್ಟರಲ್ಲಿ ಮಂಜು ಎದ್ದು ಹಿಲ್ಮಾಳನ್ನೂ ಪೈನ್ ಮರವನ್ನೂ ನುಂಗಿಬಿಟ್ಟಿತ್ತು. ಮತ್ತೆ ಹಲಗೆಯ ಕಡೆಗೆ ತಿರುಗಿ ಕೋವಿಯ ಕುದುರೆ ಎಳೆದ.

ಛಟ್ಟೆಂದಿತು, ಮುಗಿಯಿತು. ಗಂಟೆ ಬರಲಿಲ್ಲ. ಗುಂಡು ಹಾರಿದ ಮೇಲೆ ಕಾಡಿನಲ್ಲಿ ಏನಿರುತ್ತದೆ ಅನ್ನುವುದನ್ನು ಅವನು ಜೀವಮಾನದಲ್ಲಿ ಮೊದಲ ಸಲ ಕೇಳುತ್ತಿದ್ದ. ಎಲೆಯಿಂದ ಇಬ್ಬನಿ ಕಳಚಿ ಬಿದ್ದದ್ದು. ಪಾಚಿಯ ಕೆಳಗೆ ನೀರು ಹೊರಳಿದ್ದು. ಅದರ ಹಿಂದೆಯೇ, ಎಡಗಡೆಯಿಂದ, ಸತ್ತ ಕಿವಿಯೊಳಗೇ ಯಾರೋ ಬಾಯಿಟ್ಟಂತೆ:

"ಯಲ್ಲೂ!"

"ಓ! ಬಂದೆ!" ಎಂದು ಕೂಗುತ್ತಾ ಕೋವಿ ಹಿಡಿದುಕೊಂಡೇ ಸುತ್ತುದಾರಿಯಲ್ಲಿ ಓಡಿದ.

ಹಿಲ್ಮಾ ದಿಬ್ಬದ ಮೇಲೆ ಎರಡೂ ಕೈಯನ್ನು ಕೋಟಿನ ಜೇಬಿನಲ್ಲಿಟ್ಟು ನಿಂತಿದ್ದಳು.

"ಮೊದಲ್ನೇದು?" ಎಂದಳು.

"ಏನೂ ಇಲ್ಲ. ನಿನ್ನ ಬಾಯಿ ಕಂಡಿತು, ಸದ್ದು ಬರಲಿಲ್ಲ. ದೇವ್ರಾಣೆ ಹಿಲ್ಮಾ."

"ಗಂಟಲು ಹರಿಯೋ ಹಾಗೆ ಕೂಗಿದ್ದೆ." ಅವಳ ಕಣ್ಣು ತುಂಬಿತು. "ಇಷ್ಟು ವರ್ಷ ನಿನ್ನ ಮೇಲೆ ಸಿಟ್ಟು ಇಟ್ಕೊಂಡಿದ್ದೆ ಯಲ್ಮಾರಿ. ನೀನು ಒಡೆದ ಸೌದೇಲೇ ಮೈ ಕಾಯಿಸ್ಕೊಂಡು."

"ಗೊತ್ತಿತ್ತು."

"ಗೊತ್ತಿದ್ದೂ ಒಡೀತಿದ್ಯಾ?"

"ಸಿಟ್ಟಿದ್ರೆ ಚಳಿ ಆಗಲ್ವಾ?"

ಅವಳು ಅಳುತ್ತಲೇ ನಕ್ಕಳು. ಹನ್ನೆರಡು ವರ್ಷದ ಭಾರ ಇಳಿದಿತ್ತು. ಆ ಹಗುರದಲ್ಲಿ ಅವನು ತಾನಾಗಿಯೇ ಹೇಳಿದ: "ಎರಡನೇದು ಮಾತ್ರ ಎಷ್ಟು ಚೆನ್ನಾಗಿ ಕೇಳಿಸ್ತು ಗೊತ್ತಾ! ಪಕ್ಕದಲ್ಲೇ ನಿಂತು ಯಲ್ಲೂ ಅಂದ ಹಾಗಿತ್ತು."

ಹಿಲ್ಮಾ ಕಣ್ಣೊರೆಸುತ್ತಿದ್ದ ಕೈಯನ್ನು ಕೆಳಗಿಳಿಸಿದಳು.

"ನಾನು ಯಾವತ್ತಾದ್ರೂ ನಿನ್ನ ಯಲ್ಲು ಅಂದಿದ್ದೀನಾ?"

ಅವನಿಗೆ ಆಗ ಹೊಳೆಯಿತು.

"ಎರಡನೇ ಸಲ ನಾನು ಕೂಗ್ಲೇ ಇಲ್ಲ," ಎಂದಳು ಅವಳು. "ಗಂಟಲು ಕಟ್ಟಿಹೋಗಿತ್ತು. ಬಾಯಿ ಮುಚ್ಕೊಂಡು ನಿಂತಿದ್ದೆ."

ಇಬ್ಬರೂ ಮಡುವಿನ ಕಡೆ ನೋಡಿದರು. ನೀರು ಕಪ್ಪಗೆ, ಅಲುಗದೆ ಇತ್ತು. ಓಡಿಬಿಡೋಣ ಅನ್ನಿಸಿತು ಯಲ್ಮಾರಿಗೆ. ಆದರೆ ಹಿಲ್ಮಾಳಿಗೆ ಹೆದರಿಕೆ ಆದಂತೆ ಕಾಣಲಿಲ್ಲ. ಅವಳ ಮುಖದ ಮೇಲೆ ಇದ್ದದ್ದು ಆಸೆ.

"ಹೇಗಿತ್ತು ದನಿ? ಹೆದರಿದ್ನಾ?"

"ಇಲ್ಲ," ಎಂದ ಯಲ್ಮಾರಿ. "ಕಾಫಿಗೆ ಕರೆದ ಹಾಗಿತ್ತು." ಸುಳ್ಳು ಹೇಳಿದ. ಆ ಕೂಗಿನಲ್ಲಿದ್ದದ್ದನ್ನು ಅವನು ಸಾಯುವ ತನಕ ಯಾರಿಗೂ ಹೇಳುವವನಲ್ಲ.

"ಇನ್ನೊಂದು ಹೊಡಿ," ಎಂದಳು ಹಿಲ್ಮಾ. "ನನಗೂ ಕೇಳಿಸ್ಲಿ."

"ಬೇಡ ಹಿಲ್ಮಾ, ಮನೆಗೆ ಹೋಗೋಣ."

"ನನ್ನ ಹತ್ರ ಅವನು ಒಂದು ಮಾತೂ ಹೇಳಿ ಹೋಗಿಲ್ಲ ಕಣೋ. ಬೆಳಿಗ್ಗೆ ನಾನು ಇನ್ನೂ ಮಲಗಿದ್ದೆ. ಒಂದೇ ಒಂದು ಹೊಡಿ."

ಬೇಡ ಅನ್ನಲು ಅವನಿಂದಾಗಲಿಲ್ಲ. ಮಡುವಿಗೆ ಬೆನ್ನು ಮಾಡಿ, ದಿಬ್ಬದ ಮಣ್ಣಿಗೇ ಗುಂಡು ಹೊಡೆದ. ಕೊಳವೆಯ ಬಾಯಿಂದ ಸಣ್ಣಗೆ ಹೊಗೆ ಎದ್ದಿತು. ಉಸಿರು ಬಿಗಿಹಿಡಿದು ಎರಡೂ ಕಿವಿ ಕೊಟ್ಟು ನಿಂತ. ಇಬ್ಬನಿ ಬಿತ್ತು, ನೀರು ಹೊರಳಿತು, ದೂರದಲ್ಲಿ ಒಂದು ಹಕ್ಕಿ ಕಿರುಚಿತು. ಬೇರೆ ಏನೂ ಇರಲಿಲ್ಲ. ಸದ್ಯ ಬದುಕಿದೆ ಎಂದುಕೊಂಡು ಅವಳ ಕಡೆ ತಿರುಗಿದ.

ಹಿಲ್ಮಾ ನಗುತ್ತಿದ್ದಳು. ಅವಳನ್ನು ಅಷ್ಟು ಎಳೆಯಳಾಗಿ ಅವನು ನೋಡಿದ್ದು ಅವಳ ಮದುವೆಯ ದಿನ ಮಾತ್ರ.

"ಎದ್ದೆ ಕಣೋ, ಎದ್ದೆ," ಎಂದಳು ಮೆಲ್ಲಗೆ, ಮಡುವಿನ ಕಡೆಗೆ. "ಬಂದೆ ಇರು."

ಯಲ್ಮಾರಿ ಕೋವಿ ಬಿಸಾಡಿ ಎರಡೂ ಕೈಯಲ್ಲಿ ಅವಳ ಕೋಟು ಹಿಡಿದುಕೊಂಡ. ಅವಳ ಒಂದು ಕಾಲು ಆಗಲೇ ಪಾಚಿಯ ಮೇಲಿತ್ತು.