ತಟ್ಟೆ ತುಂಬೈತೆ

ನಮ್ಮ ಮನೆಯಲ್ಲಿ ಕೆಲವು ಮಾತುಗಳನ್ನು ಆಡುವ ಹಾಗಿರಲಿಲ್ಲ. ಅದರಲ್ಲಿ ವಿಶೇಷವೇನಿಲ್ಲ, ನಮ್ಮ ಕಡೆಯ ಎಲ್ಲ ಮನೆಗಳಲ್ಲೂ ಹಾಗೆಯೇ. ಅಕ್ಕಿ ಮುಗಿದರೆ ಮುಗಿಯಿತು ಎನ್ನಬಾರದು, 'ತುಂಬಿದೆ' ಎನ್ನಬೇಕು. ಬಳೆ ಒಡೆದರೆ 'ಹೆಚ್ಚಾಯಿತು'. ದೀಪ ಆರಿಸುವುದಕ್ಕೆ 'ದೊಡ್ಡದು ಮಾಡು'. ಪಿರಿಯಾಪಟ್ಟಣದ ನನ್ನ ತವರಿನಲ್ಲಿ ಇದನ್ನೆಲ್ಲ ಕಲಿತುಕೊಂಡೇ ನಾನು ಹುಣಸೂರಿಗೆ ಸೊಸೆಯಾಗಿ ಬಂದದ್ದು. ಇಲ್ಲಿ ಬಂದಮೇಲೆ ಇನ್ನೊಂದನ್ನು ಕಲಿಯಬೇಕಾಯಿತು. ತಕ್ಕಡಿಯ ತಟ್ಟೆಯಲ್ಲಿ ಏನೂ ಇಲ್ಲದಿದ್ದರೆ ಅದನ್ನು ಖಾಲಿ ಎಂದು ಕರೆಯುವಂತಿರಲಿಲ್ಲ. 'ತಟ್ಟೆ ತುಂಬೈತೆ' ಎನ್ನಬೇಕಿತ್ತು. ನನ್ನ ಗಂಡ ತಕ್ಕಡಿ ರಿಪೇರಿ ಮಾಡುವವರು.

ಅದೇನು ಸಣ್ಣ ಕೆಲಸವಲ್ಲ. ಸರ್ಕಾರದ ಲೈಸೆನ್ಸ್ ಬೇಕು. ಅಂಗಡಿಯವರ ತೂಕದ ಕಬ್ಬಿಣದ ಬಟ್ಟುಗಳನ್ನು ತಿರುಗಿಸಿ ನೋಡಿದವರಿಗೆ ಗೊತ್ತಿರುತ್ತದೆ, ತಳದಲ್ಲಿ ಒಂದು ಗುಳಿ, ಅದರ ತುಂಬ ಸೀಸ. ಬಟ್ಟು ಸವೆದು ಹಗುರಾದರೆ ನಮ್ಮವರು ಸೀಸ ಕಾಯಿಸಿ ಹೊಯ್ದು ತೂಕ ಸರಿಮಾಡುತ್ತಿದ್ದರು. ಆಮೇಲೆ ತೂಕ-ಅಳತೆ ಇಲಾಖೆಯ ಸಾಹೇಬರು ಆ ಸೀಸದ ಮೇಲೆ ಮುದ್ರೆ ಹೊಡೆಯುತ್ತಿದ್ದರು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ನಾಲ್ಕೂ ಕಡೆ ಮುದ್ರೆ ಕ್ಯಾಂಪು ಆಗುತ್ತಿತ್ತು. ಕೋಟೆಯ ಕ್ಯಾಂಪಿಗೆ ಬೀಚನಹಳ್ಳಿ, ಅಂತರಸಂತೆಯ ಅಂಗಡಿಯವರು ಬಟ್ಟುಗಳನ್ನು ಗೋಣಿಚೀಲಕ್ಕೆ ಹಾಕಿಕೊಂಡು ಬಸ್ಸಿನಲ್ಲಿ ಬರುತ್ತಿದ್ದರು. ಚೀಲ ಇಳಿಸುವಾಗ ಕಂಡಕ್ಟರು ಬೈಯುತ್ತಿದ್ದ. ನಮ್ಮವರು ಮರದ ಕೆಳಗೆ ಕೂತು ಒಂದೊಂದೇ ಬಟ್ಟನ್ನು ಅಂಗೈಯಲ್ಲಿ ತೂಗಿ ನೋಡಿ, ತಕ್ಕಡಿಗೆ ಹಾಕುವ ಮೊದಲೇ, 'ಇದು ಇಳಿದದೆ' 'ಇದು ಸರಿಯಾಗದೆ' ಎಂದು ಎರಡು ಗುಡ್ಡೆ ಮಾಡುತ್ತಿದ್ದರು. ಆ ಅಂಗೈ ತಪ್ಪಿದ್ದನ್ನು ನಾನು ನೋಡಿದ್ದೇ ಇಲ್ಲ. ಹೊಗಳುತ್ತಿಲ್ಲ. ಬೇರೆ ವಿಷಯಗಳಲ್ಲಿ ಅವರು ಎಷ್ಟು ತಪ್ಪುತ್ತಿದ್ದರು ಎನ್ನುವ ಪಟ್ಟಿ ನನ್ನ ಹತ್ತಿರ ಬೇರೆಯೇ ಇದೆ.

ರಿಪೇರಿಯಾದ ತಕ್ಕಡಿಯ ಬರಿ ತಟ್ಟೆಗೆ ಅವರು ನೇರವಾಗಿ ಬಟ್ಟು ಹಾಕುತ್ತಿರಲಿಲ್ಲ. ತಟ್ಟೆಯ ಮೇಲೆ ಒಂದು ಹಿಡಿ ರಾಗಿ ಇಟ್ಟು, ಕಣ್ಣಿಗೊತ್ತಿಕೊಂಡು, ಆಮೇಲೆ ತೂಗಲು ಶುರುಮಾಡುವುದು. ಅವರ ಅಪ್ಪ ಹಾಗೆ ಮಾಡುತ್ತಿದ್ದರಂತೆ. ಆ ರಾಗಿಯನ್ನು ಬೆಳಿಗ್ಗೆ ಬಟ್ಟೆಯ ಗಂಟಿನಲ್ಲಿ ಕಟ್ಟಿಕೊಡುವುದು ನನ್ನ ಕೆಲಸ. ಊಟದ ಡಬ್ಬಿ ಮರೆತು ಹೋದ ದಿನ ಉಂಟು, ರಾಗಿಗಂಟು ಮರೆತ ದಿನವಿಲ್ಲ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಎಲೆಕ್ಟ್ರಾನಿಕ್ ತಕ್ಕಡಿಗಳು ಬಂದವು. ಮೊದಲು ಚಿನ್ನದ ಅಂಗಡಿಗೆ, ಆಮೇಲೆ ಕೆ.ಆರ್. ನಗರದ ಅಕ್ಕಿ ಮಂಡಿಗಳಿಗೆ, ಕೊನೆಗೆ ನಮ್ಮ ಬೀದಿಯ ದಿನಸಿ ಅಂಗಡಿಗೂ. ನಮ್ಮವರು ಮೊದಮೊದಲು ನಕ್ಕರು. "ಮುಳ್ಳಿಲ್ಲ, ದಂಡಿಯಿಲ್ಲ. ಯಾವ ಕಡೀಕೆ ವಾಲ್ತು ಅಂತ ಗಿರಾಕಿ ಎಂಗೆ ನೋಡಾನು? ಕೆಂಪು ಅಂಕಿ ಯೋಳಿದ್ದೇ ಸತ್ಯ ಅನ್ಬೇಕಾ? ನಿಲ್ಲಕ್ಕಿಲ್ಲ ಕಣೆ ಇದು" ಎಂದರು. ನಾನೂ ಹೌದು ಎಂದೆ. ನಾವಿಬ್ಬರೂ ಸೇರಿ ಒಪ್ಪಿದ ಕೆಲವೇ ವಿಷಯಗಳಲ್ಲಿ ಅದೊಂದು, ಅದೂ ತಪ್ಪಾಗಿತ್ತು.

ಸಾಹೇಬರಿಗೂ ಕಷ್ಟವೇ ಬಂತು. ಹಳೆಯ ಕಾನೂನಿನಲ್ಲಿ ಮುದ್ರೆಯನ್ನು ದಂಡಿಯ ಮೇಲೆ, ಸೀಸದ ಮೇಲೆ ಹೊಡೆಯಬೇಕು. ಈ ಹೊಸ ಡಬ್ಬಕ್ಕೆ ದಂಡಿಯೂ ಇಲ್ಲ, ಸೀಸವೂ ಇಲ್ಲ. ಪಿರಿಯಾಪಟ್ಟಣದ ಕ್ಯಾಂಪಿನಲ್ಲಿ ಅವರು ಒಂದು ಮಿಷನ್ನನ್ನು ಮೂರು ಸಲ ಮಗುಚಿ ನೋಡಿ, ನಮ್ಮವರನ್ನು ಕರೆದು, "ಎಲ್ಲಿ ಹೊಡೀಲಿ ಹೇಳ್ರಿ ಇದಕ್ಕೆ?" ಎಂದು ಕೇಳಿದರಂತೆ. ಕೊನೆಗೆ ಮೂಲೆಯೊಂದರಲ್ಲಿ ಮೆಲ್ಲಗೆ ಹೊಡೆದರೂ ಪ್ಲಾಸ್ಟಿಕ್ಕು ಬಿರುಕು ಬಿಟ್ಟಿತಂತೆ. ನಮ್ಮವರು ಮನೆಗೆ ಬಂದು ಅದನ್ನು ನಟಿಸಿ ತೋರಿಸಿದರು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅದಾದಮೇಲೆ ಆ ಮನೆಯಲ್ಲಿ ಹಾಗೆ ನಕ್ಕ ನೆನಪು ನನಗಿಲ್ಲ.

ಕಾನೂನು ನಿಧಾನವಾಗಿ ಮಿಷನ್ನಿನ ಹಿಂದೆ ಓಡಿ ಬಂತು. ಒಳಗಿನ ಸ್ಕ್ರೂವಿಗೆ ತಂತಿ ಪೋಣಿಸಿ, ತಂತಿಯ ತುದಿಗೆ ಸೀಸದ ಗುಂಡು ಒತ್ತಿ ಮುದ್ರೆ ಹಾಕಬೇಕು ಎಂದಾಯಿತು. ಜೊತೆಗೆ ಇನ್ನೊಂದು ಆದೇಶ: ಎಲೆಕ್ಟ್ರಾನಿಕ್ ತಕ್ಕಡಿ ಬಿಚ್ಚುವವರು ಅದನ್ನು ಸರಿಮಾಡುವುದನ್ನು ಸಾಹೇಬರ ಎದುರು ಮಾಡಿ ತೋರಿಸಬೇಕು. ತೋರಿಸದವರಿಗೆ ಹಳೆಯ ತಕ್ಕಡಿ ಮಾತ್ರ. ಹಳೆಯ ತಕ್ಕಡಿಗಳೋ ಒಂದೊಂದಾಗಿ ಅಟ್ಟ ಸೇರುತ್ತಿದ್ದವು. ಆ ಒಂದು ಪರೀಕ್ಷೆ ಪಾಸಾಗದಿದ್ದರೆ ನಮ್ಮವರ ಕಸುಬು ಮುಗಿದ ಹಾಗೆಯೇ. ಅವರಿಗೆ ಅದು ಗೊತ್ತಿತ್ತು, ನನಗೂ ಗೊತ್ತಿತ್ತು.

ಇಲ್ಲೊಂದು ತಮಾಷೆ ನೋಡಿ. ಲೈಸೆನ್ಸ್ ಇಲ್ಲದೆ ಮಿಷನ್ ಮುಟ್ಟುವಂತಿಲ್ಲ. ಮಿಷನ್ ಮುಟ್ಟಿ ಕಲಿಯದೆ ಲೈಸೆನ್ಸ್ ಬರುವುದಿಲ್ಲ. ಅಂಗಡಿಯವರು ಯಾರೂ ಕೈಗೆ ಕೊಡಲಿಲ್ಲ, ದಂಡದ ಹೆದರಿಕೆ. ಬೀದಿಯ ದಿನಸಿಯವರು ಪಾಪ ಅದರ ಜೊತೆ ಬಂದ ಪುಸ್ತಕವನ್ನಾದರೂ ಕೊಟ್ಟರು. ಪುಸ್ತಕ ಇಂಗ್ಲಿಷಿನದು. ನಮ್ಮವರು ಓದಿದ್ದು ನಾಲ್ಕನೆಯ ಕ್ಲಾಸು, ನಾನು ಪಿಯುಸಿ ಫೇಲು. ಮನೆಯಲ್ಲಿ ನಾನೇ ಪಂಡಿತೆ.

ಹದಿನೈದು ದಿನ ಬೆಳಿಗ್ಗೆ ತಿಂಡಿ ಆದಮೇಲೆ ಪುಸ್ತಕ ಹಿಡಿದು ಕೂತೆವು. ನಾನು ಓದಿ ಕನ್ನಡದಲ್ಲಿ ಹೇಳುವುದು, ಅವರು ಮಣೆಯ ಮೇಲೆ ಸ್ಟೀಲ್ ತಟ್ಟೆ ಬೋರಲು ಹಾಕಿ, ಬೆಂಕಿಪೊಟ್ಟಣವನ್ನು ಸ್ವಿಚ್ಚು ಮಾಡಿಕೊಂಡು ಅಭ್ಯಾಸ ಮಾಡುವುದು. ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಒಂದು ಸಾಲಿತ್ತು. ಸ್ವಿಚ್ ಹಾಕುವಾಗ ತಟ್ಟೆ ಎಂಪ್ಟಿ ಇರಬೇಕು ಅಂತ. ನಾನು ಓದಿದೆ. ಖಾಲಿ ಎನ್ನಲು ಬಾಯಿ ತೆರೆದೆ. ಬೆಳಿಗ್ಗೆ ಹೊತ್ತು, ಪರೀಕ್ಷೆಯ ಕೆಲಸ, ಎದುರಿಗೆ ಅವರಪ್ಪನ ಪಟ. ಹದಿನೆಂಟು ವರ್ಷ ಆ ಮನೆಯಲ್ಲಿ ಆಡದ ಮಾತನ್ನು ಅವತ್ತು ಆಡಲು ನಾಲಗೆ ಹೊರಳಲಿಲ್ಲ.

"ಸ್ವಿಚ್ ಹಾಕುವಾಗ ತಟ್ಟೆ ತುಂಬಿರಬೇಕಂತೆ ಕಣ್ರೀ" ಎಂದೆ.

ಅವರ ಮುಖ ಅರಳಿತು. "ನೋಡ್ದಾ? ಮಿಷನ್ ಮಾಡ್ದೋನೂ ನಮ್ಮೋನೇ ಕಣೆ!" ಎಂದು ಅಡುಗೆಮನೆಗೆ ಹೋಗಿ ಒಂದು ಹಿಡಿ ರಾಗಿ ತಂದು ತಟ್ಟೆಯ ಮೇಲೆ ಹಾಕಿ ಕಣ್ಣಿಗೊತ್ತಿಕೊಂಡರು. ನಾನು ಪುಟ ತಿರುಗಿಸಿದೆ. ಅವರು ಎಂದಿನಂತೆ ತಮ್ಮ ಶಾಸ್ತ್ರ ಮಾಡುತ್ತಿದ್ದಾರೆ ಎಂದುಕೊಂಡೆ. ಬೆಂಕಿಪೊಟ್ಟಣದ ಮಿಷನ್ನು ಯಾರ ತಪ್ಪನ್ನೂ ತೋರಿಸುವುದಿಲ್ಲವಲ್ಲ.

ಪರೀಕ್ಷೆಯ ದಿನ ನಾನೂ ಜೊತೆಗೆ ಹೋದೆ. ಕಚೇರಿಯ ಪಡಸಾಲೆಯಲ್ಲಿ ಬೆಂಚಿನ ಮೇಲೆ ಕೂತೆ. ಬಾಗಿಲು ತೆರೆದಿತ್ತು. ಒಳಗೆ ಮೇಜಿನ ಮೇಲೆ ಹೊಸ ಮಿಷನ್, ಅದರಾಚೆ ಸಾಹೇಬರು, ಗೋಡೆಯ ಪಕ್ಕ ಕೆ.ಆರ್. ನಗರದಿಂದ ಬಂದಿದ್ದ ಇನ್ನೊಬ್ಬ ರಿಪೇರಿಯವನು. ಸಾಹೇಬರು, "ಐದು ಕೇಜಿ ಇಟ್ಟು ಸರಿಮಾಡಿ ತೋರಿಸ್ರಿ" ಎಂದರು. ನಮ್ಮವರು ಜೇಬಿನಿಂದ ಗಂಟು ತೆಗೆದರು. ನಾನು ಕಟ್ಟಿಕೊಟ್ಟ ಗಂಟು. ತಟ್ಟೆಯ ಮೇಲೆ ರಾಗಿ ಹಾಕಿ, ಕಣ್ಣಿಗೊತ್ತಿಕೊಂಡು, ಸ್ವಿಚ್ ಒತ್ತಿದರು. ಮಿಷನ್ನು ಎದ್ದು ಸೊನ್ನೆ ತೋರಿಸಿತು. ರಾಗಿಯನ್ನೇ ಸೊನ್ನೆ ಎಂದು ನಂಬಿಬಿಟ್ಟಿತ್ತು.

ಆಗ ನನಗೆ ಹೊಳೆಯಿತು, ಅವರಿಗೆ ನಾನು ಏನು ಹೇಳಿದ್ದೆ, ಅವರು ಏನು ಕೇಳಿಸಿಕೊಂಡಿದ್ದರು ಎಂದು. ಎದ್ದು ನಿಂತೆ. ನನ್ನ ಬಾಯಿ ಜೋರು ಎಂದು ನಮ್ಮ ಬೀದಿಗೆಲ್ಲ ಗೊತ್ತು. ನಲ್ಲಿಯ ಹತ್ತಿರ ನಾನು ನಿಂತರೆ ಎರಡು ಬಿಂದಿಗೆ ತಾವಾಗಿ ಹಿಂದೆ ಸರಿಯುತ್ತಿದ್ದವು. ಅವತ್ತು ಆ ಬಾಯಿ ಎಲ್ಲಿ ಹೋಗಿತ್ತೋ. ಸರ್ಕಾರಿ ಕಚೇರಿ, ಒಳಗೆ ಗಂಡಸರು, ಹೆಂಗಸು ಬಾಗಿಲಲ್ಲಿ ನಿಂತು ಗಂಡನಿಗೆ ಹೇಳಿಕೊಟ್ಟರೆ ಅವರ ಮರ್ಯಾದೆ ಏನಾದೀತು ಎಂದುಕೊಂಡೆ. ಮತ್ತೆ ಕೂತೆ.

ನಮ್ಮವರು ರಾಗಿಯನ್ನು ಗಂಟಿಗೆ ತುಂಬಿಕೊಂಡು ಐದು ಕೇಜಿಯ ಬಟ್ಟು ಇಟ್ಟರು. ಮಿಷನ್ನು ತೆಗೆದ ರಾಗಿಯ ತೂಕದಷ್ಟು, ಐವತ್ತು ಗ್ರಾಂ, ಕಡಿಮೆ ತೋರಿಸಿತು. ಅವರು ಬಟ್ಟನ್ನು ಎತ್ತಿ ಅಂಗೈಯಲ್ಲಿ ನೋಡಿದರು. "ಬಟ್ಟು ಸರಿಯಾಗದೆ ಸಾಹೇಬ್ರೆ, ಮಿಷನ್ನೇ ಇಳಿದದೆ" ಎಂದರು. ಅಂಗೈ ಹೇಳಿದ್ದು ನಿಜವೇ. ಸ್ಕ್ರೂ ತೆಗೆದು, ನಾನು ಓದಿ ಹೇಳಿದ ಪ್ರಕಾರವೇ ಒಂದೊಂದು ಗುಂಡಿ ಒತ್ತಿ, ಮಿಷನ್ನನ್ನು ಏರಿಸುತ್ತ ಏರಿಸುತ್ತ ಸರಿಯಾಗಿ ಐದಕ್ಕೆ ತಂದು ನಿಲ್ಲಿಸಿದರು. ಒಂದು ಗುಂಡಿಯೂ ತಪ್ಪಲಿಲ್ಲ. ನಂತರ ನನ್ನ ಕಡೆ ತಿರುಗಿ ನೋಡಿದರು. ಹೊಗಳಿಕೆಗೆ ಕಾಯುವ ಮುಖ.

ಸಾಹೇಬರು ಎಲ್ಲ ಇಳಿಸಿ, ಮಿಷನ್ನು ಆರಿಸಿ, ಬರಿ ತಟ್ಟೆಯಲ್ಲಿ ಮತ್ತೆ ಸ್ವಿಚ್ ಹಾಕಿದರು. ಅದೇ ಬಟ್ಟು ಇಟ್ಟರು. ಈಗ ಐದು ಕೇಜಿ ಐವತ್ತು ಗ್ರಾಂ. ಅವರು ಒಳ್ಳೆಯ ಮನುಷ್ಯರೇ, ಬೇಕೆಂದು ನೋಯಿಸಿದವರಲ್ಲ. ಆದರೂ ಇದ್ದದ್ದನ್ನು ಹೇಳಿದರು: "ಏನ್ರೀ ಇದು? ಇಲ್ಲದ ಐವತ್ತು ಗ್ರಾಂ ಇದೆ ಅಂತಿದೆ. ಈ ತಕ್ಕಡೀಲಿ ತೂಗಿದ್ರೆ ಗಿರಾಕಿಗೆ ಅಷ್ಟು ಖೋತಾ. ಕಳ್ಳ ತಕ್ಕಡಿ ಮಾಡಿಟ್ರಲ್ರೀ ನೀವು."

ಗೋಡೆಯ ಪಕ್ಕದವನು ಕೆಮ್ಮಿದ. ನಮ್ಮವರೋ, ಕಳ್ಳ ಬಟ್ಟು ತಂದವರನ್ನು ಕ್ಯಾಂಪಿನಿಂದ ಎಬ್ಬಿಸಿ ಕಳಿಸುತ್ತಿದ್ದ ಮನುಷ್ಯ, ಹುಡುಕಿ ಹುಡುಕಿ ಒಂದು ಗುಲಗಂಜಿಯಷ್ಟು ಸೀಸವನ್ನು ಗಿರಾಕಿಯ ಕಡೆಗೇ ಹೆಚ್ಚಿಗೆ ಹೊಯ್ಯುತ್ತಿದ್ದ ಮನುಷ್ಯ. ಅವರು ತಮ್ಮ ಎರಡು ಅಂಗೈಗಳನ್ನು ತಿರುಗಿಸಿ ನೋಡಿಕೊಂಡು ಹೊರಗೆ ಬಂದರು. ಸಾಹೇಬರು ಹಿಂದಿನಿಂದ, "ಇನ್ನೊಂದ್ಸಲ ಅಭ್ಯಾಸ ಮಾಡ್ಕೊಂಡು ಬನ್ರಿ" ಎಂದು ಕೂಗಿ ಹೇಳಿದ್ದು ನನಗೆ ಕೇಳಿಸಿತು. ಅವರಿಗೆ ಕೇಳಿಸಿತೋ ಇಲ್ಲವೋ.

ಮನೆಗೆ ನಡೆದುಕೊಂಡೇ ಬಂದೆವು. ಅರ್ಧ ದಾರಿಯಲ್ಲಿ ಅವರು ನಿಂತರು.

"ತುಂಬಿರಬೇಕು ಅಂತ್ಲೇ ತಾನೆ ಪುಸ್ತಕದಾಗೆ ಇದ್ದದ್ದು?"

ಆಗ ಹೇಳಬಹುದಿತ್ತು. ಇಲ್ಲ ಕಣ್ರೀ, ಖಾಲಿ ಅಂತ ಇತ್ತು, ನಾನೇ ನಿಮ್ಮ ಮನೆಯ ಮಾತಿನಲ್ಲಿ ಹೇಳಿದೆ, ನಿಮ್ಮ ಕೈ ಸರಿಯಾಗಿಯೇ ಇದೆ, ತಪ್ಪಿದ್ದು ನನ್ನ ಬಾಯಿ, ಇನ್ನೊಂದು ಸಲ ಹೋಗೋಣ. ಇಷ್ಟೇ ಮಾತು. ಹೇಳಿದ್ದರೆ ಬೈಯುತ್ತಿದ್ದರು, ಎರಡು ದಿನ ಊಟ ಬಿಡುತ್ತಿದ್ದರು, ಮೂರನೆಯ ದಿನ ಮತ್ತೆ ಬೆಂಕಿಪೊಟ್ಟಣ ತೆಗೆಯುತ್ತಿದ್ದರು. ಅವರ ಮುಖ ನೋಡಿ ನನಗೆ ಭಯವಾಯಿತು.

"ಹೂಂ. ಹಾಗೇ ಇತ್ತು" ಎಂದೆ.

ಅವರು ತಲೆಯಾಡಿಸಿದರು. "ಅಂಗಾರೆ ನನ್ ಕೈಯೇ ಕೆಟ್ಟೋಯ್ತು ಬುಡು" ಎಂದರು.

ಮತ್ತೆ ಅವರು ಪರೀಕ್ಷೆಗೆ ಹೋಗಲಿಲ್ಲ. ನಾನು ಹೋಗಿ ಎಂದು ಹೇಳಿದಾಗಲೆಲ್ಲ ಅಂಗೈ ತೋರಿಸುತ್ತಿದ್ದರು. ಹಳೆಯ ತಕ್ಕಡಿ ಅಲ್ಲೊಂದು ಇಲ್ಲೊಂದು ಬಂದರೂ ಒಂದೇ ಬಟ್ಟನ್ನು ಆರು ಸಲ ತೂಗುತ್ತಿದ್ದರು. ಮೊದಲು ಅಂಗೈಯಲ್ಲಿ ಹೇಳುತ್ತಿದ್ದದ್ದನ್ನು ಈಗ ತಕ್ಕಡಿ ಹೇಳಿದರೂ ನಂಬುತ್ತಿರಲಿಲ್ಲ. ಕ್ಯಾಂಪಿಗೆ ಹೋಗುವುದನ್ನು ಬಿಟ್ಟರು. ಸೀಸ ಕಾಯಿಸುವ ಕುಲುಮೆ ಆರಿತು. ಆರಿತು ಎಂದೇ ಬರೆಯುತ್ತೇನೆ, ದೊಡ್ಡದಾಯಿತು ಎಂದು ಬರೆಯುವ ಧೈರ್ಯ ನನಗೀಗ ಇಲ್ಲ. ಆದರೂ ನಾನು ದಿನಾ ಬೆಳಿಗ್ಗೆ ರಾಗಿಗಂಟು ಕಟ್ಟಿ ಕಿಟಕಿಯಲ್ಲಿಡುತ್ತಿದ್ದೆ. ದಾರಿಯಲ್ಲಿ ಹೇಳಿದ ಆ ಸುಳ್ಳಿಗೆ ಅದೊಂದು ಪೂಜೆಯೇನೋ.

ನಾಲ್ಕೈದು ವರ್ಷ ಕಳೆದಿತ್ತು. ಒಂದು ಮಧ್ಯಾಹ್ನ ಅವರು ಸೋಪು ತರಲೆಂದು ದಿನಸಿ ಅಂಗಡಿಗೆ ಹೋದರು. ಮೈಸೂರಿನ ಮೆಕ್ಯಾನಿಕ್ಕು ಅಲ್ಲಿನ ಮಿಷನ್ ನೋಡಲು ಬಂದಿದ್ದನಂತೆ. ಸಂಜೆ ಸೋಪಿಗೆ ನಾನೇ ಹೋದಾಗ ಅಂಗಡಿಯವರು ಹೇಳಿದರು: "ನಿಮ್ಮೋರು ಸುಮಾರೊತ್ತು ನಿಂತ್ಕೊಂಡು ನೋಡ್ತಿದ್ರು ಕಣಮ್ಮ. ಅವನು ತಟ್ಟೆ ಒರೆಸಿ, ಸ್ವಿಚ್ ಹಾಕೋವಾಗ ಇದು ಖಾಲಿ ಇರ್ಬೇಕು, ಪುಸ್ತಕದಲ್ಲೇ ಮೊದ್ಲು ಬರೆದವ್ರೆ ಅಂದ. ನಿಮ್ಮೋರು ಇನ್ನೊಂದ್ಸಲ ಯೋಳಪ್ಪ ಅಂತ ಕೇಳಿದ್ರು. ಸೋಪು ಇಲ್ಲೇ ಬುಟ್ಟೋದ್ರು."

ರಾತ್ರಿ ಅವರು ಎಂದಿನಂತೆ ಉಂಡು ಮಲಗಿದರು. ನನ್ನನ್ನು ಕೇಳಲಿ ಎಂದು ಕಾದೆ. ಬೈಯಲಿ, ತಟ್ಟೆ ಎತ್ತಿ ಎಸೆಯಲಿ ಎಂದು ಬೇಡಿಕೊಂಡೆ. ಮಾರನೆಯ ಬೆಳಿಗ್ಗೆ ಕಿಟಕಿಯಲ್ಲಿಟ್ಟ ಗಂಟನ್ನು ಅವರೇ ಬಿಚ್ಚಿ ರಾಗಿಯನ್ನು ಅಂಗಳದ ಕೋಳಿಗಳಿಗೆ ಹಾಕಿದರು. ಬಟ್ಟೆಯನ್ನು ಮಡಿಸಿ ನನ್ನ ಕೈಗೆ ಕೊಟ್ಟರು.

ಆ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಎರಡನೆಯ ಸಲಕ್ಕೆ ಅನ್ನ ಕೇಳಿದರು. ಪಾತ್ರೆಯಲ್ಲಿ ತಳ ಹತ್ತಿದ ಸೀಕಲೂ ಇರಲಿಲ್ಲ. ಅಭ್ಯಾಸದ ಬಾಯಿ.

"ಅನ್ನ ತುಂಬಿದೆ" ಎಂದೆ.

ಅವರು ಕೈ ತಟ್ಟೆಯಲ್ಲೇ ಇಟ್ಟುಕೊಂಡು ತಲೆಯೆತ್ತಿ ನನ್ನನ್ನು ನೋಡಿದರು. ಸಿಟ್ಟಿನ ಮುಖವಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕು ಎನ್ನುವವರ ಹಾಗೆ ಮೆಲ್ಲಗೆ ಕೇಳಿದರು.

"ತುಂಬೈತೆ ಅಂದ್ರೆ... ಐತೆ ಅಂತ್ಲಾ, ಇಲ್ಲ ಅಂತ್ಲಾ?"