ತಿರುವಿನಲ್ಲಿ ಹರವಿದ ಹುರುಳಿ

ಕಳೆದ ತಿಂಗಳು ಅರಸೀಕೆರೆಯಿಂದ ಹಳೇಬೀಡಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ನೆಂಟರ ಮನೆಯ ಗೃಹಪ್ರವೇಶವಿತ್ತು. ಜಾವಗಲ್ ದಾಟಿ ಸ್ವಲ್ಪ ದೂರ ಹೋದ ಮೇಲೆ ಚಕ್ರದ ಸದ್ದು ಬದಲಾಯಿತು. ಟಾರಿನ ಮೇಲಿನ ಗರಗರ ನಿಂತು, ಹಾಸಿಗೆಯ ಮೇಲೆ ಹೋದಂತೆ ಸರಸರ ಎಂದಿತು. ಬಗ್ಗಿ ನೋಡುವ ಮೊದಲೇ ಕಿಟಕಿಯಿಂದ ವಾಸನೆ ಬಂತು. ಅರೆ ಒಣಗಿದ ಹುರುಳಿ ಗಿಡ ಚಕ್ರಕ್ಕೆ ಸಿಕ್ಕಿ ಅರೆದಾಗ ಬರುವ ವಾಸನೆ. ಹಸಿ ಕಾಳು, ಧೂಳು, ಬಿಸಿ ರಬ್ಬರು ಎಲ್ಲ ಕಲೆತದ್ದು. ಒಕ್ಕಣೆಗೆಂದು ರಸ್ತೆಗೆ ಹುರುಳಿ ಹರವಿದ್ದರು. ನಾನು ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಯಾಕಜ್ಜ, ತಲೆ ಸುತ್ತುತೈತಾ?" ಎಂದು ಪಕ್ಕದಲ್ಲಿದ್ದ ಹೆಂಗಸು ಕೇಳಿದರು.

ಇಲ್ಲ ಎಂದೆ. ಬಸ್ಸು ಜಾರಲಿಲ್ಲ. ನೇರ ರಸ್ತೆ, ಹತ್ತು ಗಂಟೆಯ ಬಿಸಿಲು. ಹರವಿದವರು ತಿಳಿದವರು...

ಇಪ್ಪತ್ತು ವರ್ಷದ ಹಿಂದೆ ನಾನು ಗಂಡಸಿ ಕಡೆಯ ಒಂದು ಖಾಸಗಿ ಶಾಲೆಯಲ್ಲಿ ಗುಮಾಸ್ತನಾಗಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ. ಅಕ್ಷರ ಗುಂಡಗಿದೆ ಎಂದು ಕೆಲಸ ಕೊಟ್ಟಿದ್ದರು. ಆ ಶಾಲೆಯ ವ್ಯಾನು ಓಡಿಸುತ್ತಿದ್ದವರು ನಮ್ಮೂರಿನವರೇ, ನಮ್ಮ ಮನೆಯಿಂದ ಮೂರನೆಯ ಮನೆ. ಸೈನ್ಯದಲ್ಲಿ ಲಾರಿ ಓಡಿಸಿ ನಿವೃತ್ತರಾಗಿ ಬಂದಿದ್ದರು. ಊರೆಲ್ಲ ಅವರನ್ನು ಮಿಲಿಟ್ರಿಯವರು ಎನ್ನುತ್ತಿತ್ತು. ನಾನೂ ಹಾಗೆಯೇ ಕರೆಯುತ್ತಿದ್ದೆ, ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಕಾಶ್ಮೀರದ ಆಚೆಯ ಬೆಟ್ಟಗಳಲ್ಲಿ ಚಳಿಗಾಲದಲ್ಲೂ ಲಾರಿ ಓಡಿಸಿದವರು ಅವರು. ಟೀ ಅಂಗಡಿಯ ಮುಂದೆ ಕುಳಿತು ಆ ಕಥೆ ಶುರು ಮಾಡಿದರೆ ನಮ್ಮವರಿಗೆ ನಗು. ಅಲ್ಲಿ ಬೀಳುವುದಕ್ಕೂ ಮಂಜು ಅಂತಲೇ ಹೆಸರು, ನಮ್ಮ ಹೊಲದ ಮೇಲೆ ಬೆಳಗ್ಗೆ ಕೂರುವುದಕ್ಕೂ ಮಂಜು ಅಂತಲೇ ಹೆಸರು.

"ಮಂಜಿನ ಮೇಲೆ ಗಾಡಿ ಓಡ್ಸಿದೀನಿ ಕಣ್ರಯ್ಯಾ" ಎಂದು ಅವರು ಅಂದರೆ, "ಅದೇನ್ ಮಹಾ ಬಿಡಣ್ಣ, ಬೆಳಗ್ಗೆ ಎದ್ದು ಚೊಂಬು ಹಿಡ್ಕಂಡು ನಾವೂ ಮಂಜಿನ ಮೇಲೇ ಹೋಗಾದು" ಎಂದು ಯಾರಾದರೂ ಅನ್ನುತ್ತಿದ್ದರು. ಅವರೂ ನಗುತ್ತಿದ್ದರು. ನಕ್ಕು ಮತ್ತೆ ಹೇಳುತ್ತಿದ್ದರು. ಹೊಸದಾಗಿ ಬಿದ್ದ ಮಂಜಿಗೆ ಅವರು ಹೆದರುತ್ತಿರಲಿಲ್ಲವಂತೆ. ಹತ್ತು ಗಾಡಿ ತುಳಿದು, ರಾತ್ರಿ ಹೆಪ್ಪುಗಟ್ಟಿ, ಮಾರನೆಯ ದಿನ ಗಾಜಿನಂತಾಗುತ್ತದಲ್ಲ, ಅದು ಭಯವಂತೆ. ಆಗ ಚಕ್ರಕ್ಕೆ ಕಬ್ಬಿಣದ ಸರಪಳಿ ಕಟ್ಟಿ ಹೊರಡುತ್ತಿದ್ದರು. ಇಳಿಜಾರಿಗೆ ಬರುವ ಮೊದಲೇ ಗೇರು ಇಳಿಸಬೇಕು, ಇಳಿಯುವಾಗ ಅಲ್ಲ. ಗಾಡಿಯನ್ನು ಎಂಜಿನ್ನೇ ಹಿಡಿದುಕೊಂಡಿರುತ್ತದೆ. ಬ್ರೇಕನ್ನು, ಮಲಗಿರುವ ಕೂಸಿಗೆ ಹೊದಿಕೆ ಎಳೆದಂತೆ ಒತ್ತಬೇಕು. ಹಿಂಭಾಗ ಜಾರಿದರೆ ಅದು ಹೋಗುವ ಕಡೆಗೇ ಸ್ಟೇರಿಂಗು ತಿರುಗಿಸಬೇಕು. ಇದನ್ನೆಲ್ಲ ಹೇಳುವಾಗ ಎಡಗೈ ತಾನಾಗಿ ಗೇರಿನ ಕಡೆಗೆ ಹೋಗುತ್ತಿತ್ತು. ಗೇರು ಇರುತ್ತಿರಲಿಲ್ಲ, ಟೀ ಲೋಟ ಇರುತ್ತಿತ್ತು.

ಆ ವರ್ಷ ಡಿಸೆಂಬರಿನಲ್ಲಿ ವ್ಯಾನಿನ ಟೈರು ಬದಲಿಸಬೇಕು ಎಂದು ಅವರು ಹಟ ಹಿಡಿದರು. ನಮ್ಮ ಶಾಲೆಯ ಅಧ್ಯಕ್ಷರು ಹಳೆಯ ಟೈರಿಗೇ ಮೇಲೆ ಹೊಸ ರಬ್ಬರು ಕೂರಿಸಿದರೆ ಸಾಕು ಎಂದರು. ಹಾಗಾದರೆ ಬೇರೆ ಡ್ರೈವರನ್ನು ನೋಡಿಕೊಳ್ಳಿ ಎಂದು ಇವರು ಬೀಗದ ಕೈ ಮೇಜಿನ ಮೇಲಿಟ್ಟರು. ಕೊನೆಗೆ ಅಧ್ಯಕ್ಷರು ಒಪ್ಪಿದರು. ಬಿಲ್ಲು ತರಲು ನಾನೂ ಅರಸೀಕೆರೆಗೆ ಜೊತೆಯಲ್ಲಿ ಹೋದೆ. ಅಂಗಡಿಯಲ್ಲಿ ಅವರು ಟೈರು ಆರಿಸಿದ್ದು ನೋಡಬೇಕಿತ್ತು. ಒಂದೊಂದಕ್ಕೂ ಹೆಬ್ಬೆರಳಿನ ಉಗುರು ಊರಿ ರಬ್ಬರು ಎಷ್ಟು ಮೆದುವಿದೆ ಎಂದು ನೋಡಿದರು. ಗೀರಿನೊಳಗೆ ಬೆಂಕಿಕಡ್ಡಿ ಇಳಿಸಿ ಆಳ ಅಳೆದರು. ಎರಡು ಹೊಸದು ಸಾಕು, ಹಿಂದಿನವು ಇನ್ನೂ ಓಡುತ್ತವೆ ಎಂದು ಅಂಗಡಿಯವನು ಹೇಳಿದ. ಇವರು ಒಪ್ಪಲಿಲ್ಲ. "ಮುಂದಿನವು ಒಂದು ಮಾತು ಕೇಳ್ತವೆ, ಹಿಂದಿನವು ಇನ್ನೊಂದು ಕೇಳ್ತವೆ. ನಾಲ್ಕೂ ಒಂದೇ ಥರದ್ದು ಕೊಡು."

"ಏನ್ ಸಾರ್, ಮಿಲಿಟ್ರೀಲಿ ಐಸ್ ಮೇಲೆ ಓಡ್ಸಿದ್ರಂತೆ. ಅರಸೀಕೆರೇಲಿ ಐಸ್‌ಕ್ಯಾಂಡೀನೇ ಮನೆಗೆ ಹೋಗೋವರ್ಗೂ ತಡೆಯಲ್ಲ. ಇಲ್ಲಿ ಎಲ್ಲಿ ಬೀಳ್ತೈತೆ ಐಸು?" ಎಂದ ಅಂಗಡಿಯವನು.

"ಬೀಳ್ತೈತೆ ಕಣಯ್ಯ. ಜನವರೀಲಿ ಬೀಳ್ತೈತೆ, ಹುರುಳಿ ಅಂತ ಹೆಸರು ಇಟ್ಕಂಡು."

ಅಂಗಡಿಯವನು ನಕ್ಕ. ನಾನೂ ನಕ್ಕೆ.

ಅವರು ತಮಾಷೆಗೆ ಹೇಳಿದ್ದಲ್ಲ. ಕಣ ಮಾಡಿ ಸಗಣಿಯಲ್ಲಿ ಸಾರಿಸುವವರು ಯಾರೂ ಉಳಿದಿರಲಿಲ್ಲ, ರಸ್ತೆಯೇ ಎಲ್ಲರಿಗೂ ಕಣವಾಗಿತ್ತು. ಸಂಕ್ರಾಂತಿಯ ಆಸುಪಾಸಿನಲ್ಲಿ ನಾವು ಊರವರೆಲ್ಲ ನಮ್ಮ ನಮ್ಮ ಜಾಗಕ್ಕೆ ಕಲ್ಲು ಇಟ್ಟು, ಹುರುಳಿಯನ್ನೋ ರಾಗಿಯನ್ನೋ ಹರವುತ್ತಿದ್ದೆವು. ಬಸ್ಸು, ಲಾರಿ ಹಾದು ಕಾಳು ಬಿಡಿಸಿಕೊಡುತ್ತಿದ್ದವು. ಮಿಲಿಟ್ರಿಯವರು ಬೇಡ ಅನ್ನಲಿಲ್ಲ. ಅವರ ಮನೆಯ ರಾಗಿಯೂ ರಸ್ತೆಯಲ್ಲೇ ಒಕ್ಕಣೆಯಾಗುತ್ತಿತ್ತು. ಆದರೆ ಮನೆ ಮನೆಗೆ ಬಂದು ಮೂರು ಮಾತು ಹೇಳಿದ್ದರು. ನೇರ ರಸ್ತೆಗೆ ಹಾಕಿ, ಮೋರಿಯ ಮುಂದಿನ ತಿರುವಿಗೆ ಬೇಡ. ಅರ್ಧ ರಸ್ತೆಗೆ ಹಾಕಿ. ಬಿಸಿಲು ಬಂದು ಮಂಜು ಆರಿದ ಮೇಲೆ ಹಾಕಿ. ಒದ್ದೆ ಹುರುಳಿ ಬಳ್ಳಿಯ ಮೇಲೆ ಚಕ್ರ ನಿಲ್ಲುವುದಿಲ್ಲ, ಅಡಿಯಲ್ಲಿ ಕಾಳು ಉರುಳುತ್ತದೆ ಎಂದು ತಿಳಿಸಿ ಹೇಳಿದ್ದರು. ಊರವರು ನಗುತ್ತಲೇ ಕೇಳಿದರು, ಕೇಳಿ ಹಾಗೆಯೇ ನಡೆದುಕೊಂಡರು. ನಾನೂ ಆಗಲಿ ಎಂದಿದ್ದೆ.

ಆ ಜನವರಿಯ ಒಂದು ಬೆಳಗ್ಗೆ ಮೋಡ ಇತ್ತು. ಮಳೆ ಬಂದರೆ ಹುರುಳಿ ಕಪ್ಪಾಗುತ್ತದೆ ಎಂಬ ಹೆದರಿಕೆ. ಒಂಬತ್ತಕ್ಕೆ ನಾನು ಶಾಲೆಯಲ್ಲಿರಬೇಕು. ನೇರ ರಸ್ತೆಯನ್ನು ಆಗಲೇ ಬೇರೆಯವರು ಕಲ್ಲು ಇಟ್ಟು ಹಿಡಿದಿದ್ದರು. ತಿರುವು ಮಾತ್ರ ಖಾಲಿ ಇತ್ತು, ಅವರ ಮಾತು ಎಲ್ಲರೂ ಕೇಳಿದ್ದರಿಂದ. ನನ್ನ ಹೊಲ ಅದಕ್ಕೆ ಹೊಂದಿಕೊಂಡೇ ಇದೆ. ಬಿಸಿಲು ಬರಲಿ ತಡೀರಿ ಎಂದು ಹೆಂಡತಿ ಹೇಳಿದಳು. ಏಳೂವರೆಗೆಲ್ಲ ನಾನೊಬ್ಬನೇ ಹೋಗಿ, ಮಂಜಿನಲ್ಲೇ, ರಸ್ತೆಯ ಪೂರ್ತಿ ಅಗಲಕ್ಕೆ ಹರವಿದೆ. ಶಾಲೆಯ ವ್ಯಾನು ಬರುವ ಹೊತ್ತು ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ. ಆ ವೇಳಾಪಟ್ಟಿ ಬರೆದವನೇ ನಾನು. ನಾಲ್ಕು ಹೊಸ ಟೈರು, ಚೆನ್ನಾಗಿ ಒಕ್ಕುತ್ತವೆ ಎಂದು ಅಂದುಕೊಂಡೆ. ದೇವರಾಣೆಗೂ ಹಾಗೆ ಅಂದುಕೊಂಡೆ.

ನಾನು ಹೊಲದ ಅಂಚಿನಲ್ಲೇ ನಿಂತಿದ್ದೆ, ವ್ಯಾನು ನಿಧಾನವಾಗಿಯೇ ಬಂತು. ಮೋರಿಗೆ ಮೊದಲೇ ಗೇರು ಇಳಿದ ಸದ್ದು ನನ್ನ ಕಿವಿಗೆ ಬಿತ್ತು. ದೀಪ ಹಾಕಿದ್ದರು, ಆದರೂ ಆ ಮಂಜಿನಲ್ಲಿ ರಸ್ತೆಯ ಮೇಲೆ ಏನಿದೆ ಎಂದು ಕಾಣುವಂತಿರಲಿಲ್ಲ. ತಿರುವಿಗೆ ಬಂದು ಹುರುಳಿಯ ಮೇಲೆ ಹತ್ತಿದ್ದೇ ಹಿಂಭಾಗ ಪಕ್ಕಕ್ಕೆ ಹೋಯಿತು. ಬ್ರೇಕಿನ ಕಿರ್ರೆನ್ನುವ ಸದ್ದು ಬರಲಿಲ್ಲ. ಮುಂದಿನ ಚಕ್ರ ಜಾರುವ ಕಡೆಗೇ ತಿರುಗಿದ್ದನ್ನು ನಾನು ಕಣ್ಣಾರೆ ನೋಡಿದೆ. ಟೀ ಅಂಗಡಿಯಲ್ಲಿ ಹೇಳುತ್ತಿದ್ದುದನ್ನೆಲ್ಲ ಅವರು ಮಾಡಿದರು. ವ್ಯಾನು ಉರುಳಲಿಲ್ಲ. ಮೆಲ್ಲಗೆ ಜಾರಿ ಚರಂಡಿಗೆ ಇಳಿದು ದಿಬ್ಬಕ್ಕೆ ಒರಗಿ ನಿಂತಿತು. ಒಳಗೆ ಹದಿನಾರು ಮಕ್ಕಳಿದ್ದರು.

ಮಕ್ಕಳು ಅಳುತ್ತಿದ್ದರು. ನಾನು ಅವರ ಹತ್ತಿರ ಓಡಲಿಲ್ಲ. ಕವೆಗೋಲು ತೆಗೆದುಕೊಂಡು ಹುರುಳಿ ಎಳೆದೆ. ಹುರುಳಿ ಬಳ್ಳಿ ಒಂದಕ್ಕೊಂದು ಹೆಣೆದುಕೊಂಡಿರುತ್ತದೆ, ಎಳೆದರೆ ಚಾಪೆ ಸುತ್ತಿದಂತೆ ಬರುತ್ತದೆ. ಹೊಲದ ಬಣವೆಯ ಪಕ್ಕಕ್ಕೆ ಹಾಕಿ, ಉಳಿದ ಕಾಳನ್ನು ಟವಲಿನಲ್ಲಿ ಗುಡಿಸಿ, ಹಿಂದಿನ ಚಕ್ರಕ್ಕೆ ಸುತ್ತಿದ್ದ ಬಳ್ಳಿಯನ್ನೂ ಕಿತ್ತು, ಆಮೇಲೆ ಮಕ್ಕಳನ್ನು ಇಳಿಸಿಕೊಳ್ಳಲು ಕೈ ಚಾಚಿದೆ. ಮಿಲಿಟ್ರಿಯವರ ಕಡೆಯ ಬಾಗಿಲು ದಿಬ್ಬಕ್ಕೆ ಸಿಕ್ಕಿ ತೆರೆಯುತ್ತಿರಲಿಲ್ಲ. ಹಣೆ ಒಡೆದು ಕಣ್ಣಿಗೆ ರಕ್ತ ಇಳಿದಿತ್ತು. ಹಾಗೆಯೇ ಒಂದೊಂದು ಮಗುವನ್ನೂ ಎತ್ತಿ ಎತ್ತಿ ಆಚೆ ಕೊಡುತ್ತಿದ್ದರು. ಐದನೇ ತರಗತಿಯ ಒಂದು ಹುಡುಗಿಯ ಮುಂಗೈ ಮುರಿದಿತ್ತು. ಉಳಿದವರಿಗೆ ತರಚು ಗಾಯ.

ಎಲ್ಲರೂ ಇಳಿದ ಮೇಲೆ ಅವರು ರಸ್ತೆಗೆ ಬಂದು ಕುಕ್ಕರಗಾಲಿನಲ್ಲಿ ಕುಳಿತು ಟಾರನ್ನು ಅಂಗೈಯಲ್ಲಿ ಸವರಿದರು.

"ಇಲ್ಲಿ ಏನಿತ್ತು ಗುಮಾಸ್ತರೇ?"

"ಏನಿಲ್ಲ... ಮಂಜು" ಎಂದೆ.

"ಮಂಜಾ?" ಎಂದರು. ಒದ್ದೆಯಾದ ಅಂಗೈಯನ್ನು ತುಂಬ ಹೊತ್ತು ನೋಡಿಕೊಂಡರು.

ಪೊಲೀಸರವರೆಗೆ ಹೋಗುವುದು ಬೇಡ ಎಂದು ಹಿರಿಯರು ಶಾಲೆಯಲ್ಲೇ ಸೇರಿದರು. ಹುಡುಗಿಯ ಅಪ್ಪ ಕೂಗಾಡಿದರು. ಯಾಕಪ್ಪಾ ಹೀಗಾಯ್ತು ಎಂದು ಅಧ್ಯಕ್ಷರು ಕೇಳಿದಾಗ, ಮಿಲಿಟ್ರಿಯವರು "ಗಾಡಿ ಜಾರ್ತು. ಓಡಿಸ್ತಿದ್ದೋನು ನಾನು" ಎಂದರು, ಅಷ್ಟೇ. ಹೇಳುವಾಗ ನನ್ನ ಕಡೆ ನೋಡಿದರು. ನಾನು ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಾ ಕುಳಿತಿದ್ದೆ. 'ಅತಿವೇಗ ಹಾಗೂ ಅಜಾಗರೂಕತೆಯ ಚಾಲನೆಯ ಕಾರಣ ಸೇವೆಯಿಂದ ಬಿಡುಗಡೆ ಮಾಡಲಾಗಿದೆ' ಎಂದು ಅಧ್ಯಕ್ಷರು ಹೇಳಿದರು, ನಾನು ಬರೆದೆ. ನನ್ನ ಗುಂಡಗಿನ ಅಕ್ಷರದಲ್ಲಿ.

ಮಾರನೆಯ ವಾರ ಅವರು ನನ್ನ ಮೇಜಿನ ಹತ್ತಿರ ಬಂದರು. ಹಣೆಗೆ ಪಟ್ಟಿ ಇತ್ತು. ಆ ಕಾಗದ ಕೈಯಲ್ಲಿತ್ತು.

"ಕೆಲಸ ಹೋದ್ರೆ ಹೋಗ್ಲಿ ಗುಮಾಸ್ತರೇ. ನೀವು ಅಲ್ಲೇ ಇದ್ರಿ, ನೋಡ್ತಿದ್ರಿ. ನಾನು ಏನ್ ತಪ್ಪು ಮಾಡ್ದೆ ಹೇಳಿ."

ಇವರಿಗೆ ಎಲ್ಲ ಗೊತ್ತಿದೆ, ನನ್ನ ಬಾಯಿಂದಲೇ ಬರಲಿ ಎಂದು ಚುಚ್ಚುತ್ತಿದ್ದಾರೆ ಎಂದು ನನಗೆ ಅನ್ನಿಸಿತು. "ನನಗೆ ಗಾಡಿ ವಿಷಯ ಏನ್ ತಿಳಿಯುತ್ತೆ ಮಿಲಿಟ್ರಿಯವರೇ, ಅವರು ಹೇಳಿದ್ದು ಬರ್ದೆ" ಎಂದೆ. ಅವರು ಕಾಗದ ಮಡಚಿ ಜೇಬಿನಲ್ಲಿಟ್ಟುಕೊಂಡು ಹೋದರು.

ಆಮೇಲೆ ಅವರು ಯಾವ ಗಾಡಿಯನ್ನೂ ಮುಟ್ಟಲಿಲ್ಲ. ಅರಸೀಕೆರೆಗೆ ಹೋಗುವುದಿದ್ದರೆ ಬಸ್ಸಿಗೆ ಕಾಯುತ್ತಿದ್ದರು. ಬಸ್ಸಿನಲ್ಲಿಯೂ ಹಿಂದಿನ ಸೀಟು. "ಹಿಮಾಲಯದಲ್ಲಿ ಓಡ್ಸಿದ್ನಂತೆ ಕಣ್ಲಾ, ನಮ್ಮೂರ ಮೋರಿ ದಾಟ್ಸೋಕೆ ಆಗ್ಲಿಲ್ಲ" ಎಂದು ಟೀ ಅಂಗಡಿಯಲ್ಲಿ ಜನ ಅವರಿಗೆ ಕೇಳುವಂತೆಯೇ ಅನ್ನುತ್ತಿದ್ದರು. ಅವರು ಮಂಜಿನ ಕಥೆ ಹೇಳುವುದನ್ನು ನಿಲ್ಲಿಸಿದರು. ಕೆಲವು ವರ್ಷ ಕಳೆದು ಲಕ್ವ ಹೊಡೆದು ಹಾಸಿಗೆ ಹಿಡಿದರು, ಎರಡು ವರ್ಷ ಮಲಗಿದ್ದು ಹೋದರು. ನಾನು ಮಣ್ಣಿಗೆ ಹೋಗಿದ್ದೆ, ಮೂರು ಹಿಡಿ ಮಣ್ಣು ಹಾಕಿ ಬಂದೆ. ಅವರ ಹೆಂಡತಿ ಆಮೇಲೆ ಮಗಳ ಮನೆಗೆ, ಹುಲಿಕೆರೆಗೆ ಹೋದರು.

ಇಷ್ಟು ವರ್ಷ ನಾನು ಒಂದು ಸಮಾಧಾನ ಇಟ್ಟುಕೊಂಡು ಬದುಕಿದೆ. ಅಂಥ ಡ್ರೈವರಿಗೆ ಚಕ್ರದ ಅಡಿಯಲ್ಲಿ ಏನಿತ್ತು ಎಂದು ತಿಳಿಯದೇ ಇರುತ್ತದೆಯೇ? ತಿಳಿದೂ ನನ್ನ ಮಾನ ಉಳಿಸಿದರು, ದೊಡ್ಡ ಮನುಷ್ಯ, ಆಗಲೇ ಕ್ಷಮಿಸಿದ್ದಾರೆ... ಹೀಗೆ.

ಆ ದಿನ ಬಸ್ಸು ಹಳೇಬೀಡಿಗೆ ಬಂದಾಗ ನಾನು ಗೃಹಪ್ರವೇಶದ ಮನೆಗೆ ಹೋಗಲಿಲ್ಲ. ಆಟೋ ಹಿಡಿದು ಹುಲಿಕೆರೆಗೆ ಹೋದೆ. ಮಿಲಿಟ್ರಿಯವರ ಹೆಂಡತಿ ಜಗಲಿಯಲ್ಲಿ ಕುಳಿತು, ನೆನೆಸಿದ ಅವರೆಕಾಳು ಹಿತುಕುತ್ತಿದ್ದರು. "ಗುಮಾಸ್ತರಾ? ಬನ್ನಿ ಬನ್ನಿ, ಎಷ್ಟು ಸೊರಗಿದೀರಿ" ಎಂದು ಚಾಪೆ ತೋರಿಸಿದರು. ಯಜಮಾನರ ಮಾತು ತಾನಾಗಿಯೇ ಬಂತು.

"ಮಲಗಿದಾಗ ಬಲಗೈ ಬಿದ್ದೋಗಿತ್ತಲ್ಲ, ಎಡಗೈಲಿ ಹಿಂಗೆ ಹಿಂಗೆ ಗೇರು ಹಾಕೋರು. 'ಮೋರಿಗೆ ಮುಂಚೇನೇ ಇಳಿಸಿದ್ದೆ ಕಣೇ, ಯಾಕೆ ಜಾರ್ತು?' ಅಂತ ದಿನಾ ಕೇಳೋರು. ನನಗೇನ್ ಗೊತ್ತು ಗೇರು ಗೀರು. 'ಮಂಜಿತ್ತಂತಲ್ಲ, ಗುಮಾಸ್ತರು ಹೇಳಿದ್ರಲ್ಲ' ಅನ್ನೋಳು. 'ನಮ್ಮೂರ ಮಂಜಿಗೆ ಗಾಡಿ ಜಾರಲ್ಲ ಕಣೇ, ನನ್ನ ಕೈಯೇ ಕೆಟ್ಟಿತ್ತು ಅನ್ಸುತ್ತೆ' ಅನ್ನೋರು. ಸಾಯೋ ತನಕ ಅದೇ."

ಮಿಲಿಟ್ರಿಯವರಿಗೆ ಗೊತ್ತಿರಲಿಲ್ಲ. ನನ್ನನ್ನು ಕ್ಷಮಿಸಲು ಅವರಿಗೆ ಏನೂ ಗೊತ್ತಿರಲಿಲ್ಲ. ಅಂದು ಮೇಜಿನ ಹತ್ತಿರ ಬಂದು ಕೇಳಿದ್ದು ನಿಜವಾಗಿಯೂ ಕೇಳಿದ್ದು...

ನಾನು ಹೇಳಿದೆ. ಹುರುಳಿ, ಕವೆಗೋಲು, ಟವಲು, ಎಲ್ಲವನ್ನೂ. ಕಾಳು ಹಿತುಕುತ್ತಿದ್ದ ಬೆರಳು ನಿಂತಿತು. ಬೈಯಲಿ ಎಂದು ಕಾದೆ. ಅವರು ಕಾಳಿನ ಬೇಸಿನ್ನಿನ ಕಡೆ ನೋಡುತ್ತಲೇ ಮಾತಾಡಿದರು.

"ಅವ್ರು ಇದ್ದಾಗ ಹೇಳಿದ್ರೆ ನಿಮ್ಮನ್ನ ಒಂದು ಮಾತೂ ಅಂತಿರ್ಲಿಲ್ಲ ಕಣ್ರೀ. 'ನೋಡಿದ್ಯಾ, ಗೇರು ಸರಿಯಾಗೇ ಹಾಕಿದ್ದೆ' ಅಂತ ನನಗೆ ಹೇಳಿ, ಎರಡು ತುತ್ತು ಜಾಸ್ತಿ ಉಣ್ಣೋರು. ಅಷ್ಟೇ."

ಕಾಫಿ ಕೊಡುತ್ತೇನೆ ಎನ್ನಲಿಲ್ಲ. ಹೋಗಿ ಎಂದೂ ಹೇಳಲಿಲ್ಲ. ನಾನೇ ಎದ್ದು ಬಂದೆ.

ಆ ಶಾಲೆ ಮುಚ್ಚಿ ಬಹಳ ವರ್ಷವಾಯಿತು. ಕಡತಗಳನ್ನು ರದ್ದಿಗೆ ಹಾಕಿದರು ಎಂದು ಕೇಳಿದೆ. ನಾನು ಬರೆದದ್ದನ್ನು ಹೊಡೆದು ಹಾಕಲು ಆ ಕಾಗದವೂ ಇಲ್ಲ, ಓದಿ ನಿಟ್ಟುಸಿರು ಬಿಡಲು ಮಿಲಿಟ್ರಿಯವರೂ ಇಲ್ಲ. ಟೀ ಅಂಗಡಿಯಲ್ಲಿ ನಕ್ಕವರಲ್ಲಿ ಕೆಲವರು ಇದ್ದಾರೆ, ಅವರಾದರೂ ಓದಲಿ. ಆ ಬೆಳಗ್ಗೆ ವ್ಯಾನು ನಿಧಾನವಾಗಿ ಬಂತು. ನಾಲ್ಕೂ ಟೈರು ಹೊಸದಾಗಿದ್ದವು. ಮೋರಿಗೆ ಮೊದಲೇ ಗೇರು ಇಳಿದಿತ್ತು, ಆ ಸದ್ದು ನಾನು ಕೇಳಿದ್ದೇನೆ. ರಸ್ತೆಯಲ್ಲಿ ಹುರುಳಿ ಇತ್ತು. ಅದು ನನ್ನದು.